ದೂರು ಪತ್ರ: ಅತಿಥಿಗಳನ್ನು ಹೊರಗೆ ನಿಲ್ಲಿಸಿ, ನಮ್ಮ ಫೋಟೋವನ್ನು ಒಳಗೆ ತೂಗುಹಾಕಿದ್ದರ ಬಗ್ಗೆ

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಮುಖ್ಯ ಕಚೇರಿ, ಬೆಂಗಳೂರು

ಇವರಿಂದ,
ಬಾಣೇರ್ ಕೋವರ್ಕಿಂಗ್ (ಹಲವು ಕಂಪನಿಗಳು ಹಂಚಿಕೊಳ್ಳುವ ಬಾಡಿಗೆ ಕಚೇರಿ) ಶಾಖೆಯ ಸದಸ್ಯೆ, ಪುಣೆ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಆರು ಮೇಲ್ ಕಳಿಸಿದೆ. ಆರಕ್ಕೂ ಟಿಕೆಟ್ ನಂಬರ್ ಬಂತು, ಉತ್ತರ ಬರಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಬೇರೆ ಬೇರೆ ದನಿ, ಮಾತು ಮಾತ್ರ ಒಂದೇ: 'ಎಸ್ಕಲೇಟ್ ಮಾಡ್ತೀವಿ ಮೇಡಂ.' ಎರಡು ವರ್ಷದ ಹಿಂದೆ ಬಾಣೇರ್ ಶಾಖೆಯ ಉದ್ಘಾಟನೆಗೆ ನೀವೇ ಬಂದಿದ್ದಿರಿ. ನಾನು ಚಿಕ್ಕೋಡಿ ಕಡೆಯವಳೆಂದು ತಿಳಿದ ಮೇಲೆ ಕನ್ನಡದಲ್ಲೇ ಮಾತಿಗಿಳಿದು, 'ನೀವು ಇಲ್ಲಿ ಬರೀ ಡೆಸ್ಕ್ ತಗೊಳ್ತಿಲ್ಲ, ಒಂದು ಕಮ್ಯುನಿಟಿಗೆ ಸೇರ್ತಿದ್ದೀರಿ' ಎಂದಿರಿ. ಆ ಮಾತನ್ನು ನಂಬಿಯೇ ಅವತ್ತು ಸಹಿ ಹಾಕಿದ್ದು. ಹಾಗಾಗಿ ದೂರನ್ನೂ ನಿಮಗೇ, ಅದೇ ಭಾಷೆಯಲ್ಲಿ ಹೇಳುತ್ತಿದ್ದೇನೆ.

ಲೆಕ್ಕ ಮೊದಲು. ಎರಡು ಹಾಟ್ ಡೆಸ್ಕ್ (ಖಾಲಿ ಇರುವಲ್ಲಿ ಕೂರುವ ಮೇಜು), ತಲಾ 6,500 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ ತಿಂಗಳಿಗೆ 15,340. ಡಿಪಾಸಿಟ್ 26,000. ಒಂದು ತಿಂಗಳೂ ತಡಮಾಡಿಲ್ಲ. ಕಂಪನಿಯ ನೋಂದಾಯಿತ ಕಚೇರಿಗೂ ಜಿಎಸ್‌ಟಿಗೂ ನಿಮ್ಮ ಶಾಖೆಯ ವಿಳಾಸವನ್ನೇ ಕೊಟ್ಟಿದ್ದೇವೆ. ಅದಕ್ಕೆ ನೀವೇ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಟ್ಟಿದ್ದೀರಿ, ಅದರ ಶುಲ್ಕವನ್ನು ಬೇರೆಯಾಗಿ ಪಡೆದಿದ್ದೀರಿ.

ನಮ್ಮ ಕೆಲಸ ಏನೆಂದು ನಿಮ್ಮ ಶಾಖೆಯಲ್ಲಿ ಯಾರೂ ಕೇಳಿಲ್ಲ, ಆದ್ದರಿಂದ ಹೇಳಬೇಕಾಗಿದೆ. ಕಬ್ಬಿನ ಲಾರಿ ಕಾಟಾದ ಮೇಲೆ ನಿಂತಾಗ ಬರುವ ತೂಕದ ಚೀಟಿಯನ್ನು ರೈತರ ಫೋನಿಗೆ ಅವರ ಭಾಷೆಯಲ್ಲೇ ತಲುಪಿಸುವ ತಂತ್ರಾಂಶ ನಮ್ಮದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ಆ 14 ದಿನಗಳನ್ನು ನಮ್ಮ ತಂತ್ರಾಂಶ ಎಣಿಸುತ್ತದೆ. ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳ ಹೊಲದಲ್ಲಿ ಕಬ್ಬು ಗಡಿ ನೋಡಿ ಬೆಳೆಯುವುದಿಲ್ಲ. ಅದಕ್ಕೇ ಕನ್ನಡವೂ ಮರಾಠಿಯೂ ಎರಡೂ ಬರುವ ಹುಡುಗರು ಸಿಗುವ ಪುಣೆಯಲ್ಲಿ ಕಂಪನಿ ಇಟ್ಟೆ.

ಇನ್ನು ನೀವು ಮಾರುವ ಆ 'ಕಮ್ಯುನಿಟಿ'ಯ ವಿಷಯ. ಶಾಖೆ ತೆರೆದ ಮೊದಲ ಮೂರು ತಿಂಗಳು ನಿಮ್ಮ ಲೌಂಜ್‌ನಲ್ಲಿ ಕುರ್ಚಿಗಳಿದ್ದವು, ಜನ ಇರಲಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಪಕ್ಕದ ಮೇಜಿನವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾವು ನಾಲ್ವರು ಸೇರಿ ಪ್ರತಿ ತಿಂಗಳ ಎರಡನೇ ಗುರುವಾರ ಸಂಜೆ ಕೂರೋಣ ಎಂದುಕೊಂಡೆವು. ಮೊದಲ ಗುರುವಾರ ಐದು ಜನ, ಚಹಾ ನಮ್ಮ ದುಡ್ಡಿನದು. ಹೊಸ ಕಂಪನಿಗಳಿಗಾಗಿ ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಯೋಜನೆ 2016ರ ಜನವರಿಯಲ್ಲಿ ಶುರುವಾದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅದರಡಿ ಕೇಂದ್ರದ ಕೈಗಾರಿಕಾ ಇಲಾಖೆ (ಡಿಪಿಐಐಟಿ) ಕೊಡುವ ಮಾನ್ಯತೆಯ ಅರ್ಜಿಯಲ್ಲಿ ನಮ್ಮ ಕೆಲಸ ಹೊಸದು ಎಂದು ಹೇಗೆ ಬರೆಯಬೇಕೆಂಬುದು ಒಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರು ಒಂದು ಸಂಜೆ ಎಲ್ಲರ ಅರ್ಜಿಗಳನ್ನು ಓದಿ ತಿದ್ದಿದರು. ಇನ್ನೊಬ್ಬರು ಮೊದಲ ಉದ್ಯೋಗಿಯನ್ನು ಕಳೆದುಕೊಂಡ ಕಥೆ ಹೇಳುತ್ತ ಅತ್ತರು. ಮಕ್ಕಳ ಬಟ್ಟೆ ಮಾಡುವ ಕೋಥ್ರೂಡಿನ ಹೆಂಗಸೊಬ್ಬರಿಗೆ ಮೊದಲ ದೊಡ್ಡ ಆರ್ಡರ್ ಸಿಕ್ಕಿದ್ದು ಅಲ್ಲಿ ಕೂತಿದ್ದವರಿಂದಲೇ. ಎರಡು ವರ್ಷದಲ್ಲಿ ಐದು ಜನ ಇಪ್ಪತ್ತಾರಾದರು. ಇದರಲ್ಲಿ ನಿಮ್ಮ ಸಂಸ್ಥೆಯ ಪಾಲು ದೀಪ ಮತ್ತು ಫ್ಯಾನ್. ಅದಕ್ಕೂ ನಾವು ಬಾಡಿಗೆ ಕೊಟ್ಟಿದ್ದೇವೆ.

ಇಲ್ಲಿಂದ ಹೆಚ್ಚು ದೂರವಿಲ್ಲದ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ (ಎನ್‌ಸಿಎಲ್) ಆವರಣದಲ್ಲಿ ವೆಂಚರ್ ಸೆಂಟರ್ ಇದೆ. ವಿಜ್ಞಾನ ಆಧರಿಸಿ ಕಂಪನಿ ಕಟ್ಟುವವರಿಗೆ 2007ರಿಂದ ಆಸರೆ ಅದು. ನಮ್ಮಂಥ ತೂಕದ ಚೀಟಿಯವರಿಗೆ ಪ್ರಯೋಗಾಲಯ ಬೇಡ. ಒಂದು ಮೇಜು ಬೇಕು, ಪಕ್ಕದ ಮೇಜಿನಲ್ಲಿ ನಮ್ಮದೇ ಪಾಡಿನ ಇನ್ನೊಬ್ಬರು ಬೇಕು. ಬ್ರಾಡ್ ನ್ಯೂಬರ್ಗ್ ಎಂಬಾತ 2005ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋವರ್ಕಿಂಗ್ ಎಂಬ ಹೆಸರಿಟ್ಟು ಮೊದಲ ಜಾಗ ತೆರೆದದ್ದೂ ಇದಕ್ಕೇ: ಸ್ವಂತ ಕೆಲಸದ ಸ್ವಾತಂತ್ರ್ಯವೂ ಇರಲಿ, ಜೊತೆಗೆ ಜನವೂ ಇರಲಿ ಎಂದು. ನಿಮ್ಮ ವ್ಯಾಪಾರದ ಬೇರು ಇದು. ನಿಮಗೆ ತಿಳಿದೇ ಇರುತ್ತದೆ.

ಈಗ ಕಳೆದ ತಿಂಗಳ ಎರಡನೇ ಗುರುವಾರಕ್ಕೆ ಬರುತ್ತೇನೆ.

ಅವತ್ತಿನ ಮಾತು, ಹಳ್ಳಿಯ ಗ್ರಾಹಕರನ್ನು ಪುಣೆಯಲ್ಲಿ ಕೂತು ಹೇಗೆ ಅರ್ಥ ಮಾಡಿಕೊಳ್ಳುವುದು ಎಂಬುದರ ಬಗ್ಗೆ. ಅದಕ್ಕೆ ಚಿಕ್ಕೋಡಿ ಕಡೆಯ ಇಬ್ಬರು ಕಬ್ಬು ಬೆಳೆಗಾರರನ್ನೂ ಕಾಟಾ ನಡೆಸುವ ಒಬ್ಬರನ್ನೂ ಕರೆದಿದ್ದೆ. ನುರಿಸುವ ಹಂಗಾಮು ಇಲ್ಲದ್ದರಿಂದ ಬಿಡುವಿತ್ತು, ಬಂದರು. ನಸುಕಿನಲ್ಲೇ ಬಸ್ ಹತ್ತಿ, ಕೊಲ್ಹಾಪುರ, ಸಾತಾರಾ ದಾಟಿ ಸ್ವಾರಗೇಟಿನಲ್ಲಿ ಇಳಿದು, ಅಲ್ಲಿಂದ ಪುಣೆಯ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಬಾಣೇರಿಗೆ ತಲುಪಿದ್ದರು. ಅವರಲ್ಲಿ ಹಿರಿಯರಿಗೆ ಎಪ್ಪತ್ತರ ಹತ್ತಿರ. ಧೋತರ, ಬಿಳಿ ಟೊಪ್ಪಿಗೆ, ಕೊಲ್ಹಾಪುರಿ ಚಪ್ಪಲಿ, ಕೈಯಲ್ಲಿ ಎಲ್ಲರಿಗೂ ಹಂಚಲೆಂದು ತಂದ ಬೆಲ್ಲದ ಚೀಲ.

ಮೂವರ ಹೆಸರನ್ನೂ ಎರಡು ದಿನ ಮೊದಲೇ ಮೇಲ್ ಮಾಡಿದ್ದೆ. ನಿಮ್ಮ ಕೈಪಿಡಿ ಕೇಳುವುದು 24 ಗಂಟೆಯ ಮುನ್ಸೂಚನೆ. ಸದಸ್ಯರು ನಡೆಸುವ ಸಭೆಗೆ ಬರುವ ಅತಿಥಿಗಳಿಗೆ ಶುಲ್ಕವಿಲ್ಲ ಎಂದೂ ಅದೇ ಪುಟದಲ್ಲಿದೆ. 'ನೋಟೆಡ್' ಎಂದು ಉತ್ತರ ಬಂದಿತ್ತು.

ನಾನು ಕೆಳಗಿಳಿದು ಬರುವಷ್ಟರಲ್ಲಿ ಅವರು ರಿಸೆಪ್ಷನ್‌ನ ಸೋಫಾದ ಅಂಚಿನಲ್ಲಿ ಕೂತಿದ್ದರು. ನಿಮ್ಮ ಕಮ್ಯುನಿಟಿ ಮ್ಯಾನೇಜರ್ ನನ್ನನ್ನು ನೋಡಿ, ಅವರೆದುರಿಗೇ ಕೇಳಿದರು:

'ಇವರು ಡೆಲಿವರಿಗೆ ಬಂದವರಾ?'

'ಅಲ್ಲ, ಇವತ್ತು ಮಾತಾಡೋಕೆ ಬಂದ ಅತಿಥಿಗಳು. ಹೆಸರು ಕಳಿಸಿದ್ದೆ.'

'ಲೌಂಜ್‌ಗೆ ಡೇ ಪಾಸ್ ಬೇಕು ಮೇಡಂ. ಒಬ್ಬರಿಗೆ 590.'

'ಕೈಪಿಡಿಯಲ್ಲಿ ಶುಲ್ಕ ಇಲ್ಲ ಅಂತಿದೆ.'

'ಅದು ಕ್ಯಾಬಿನ್ ಮೆಂಬರ್‌ಗಳಿಗೆ. ನೀವು ಹಾಟ್ ಡೆಸ್ಕ್.'

'ಅಲ್ಲಿ ಹಾಗೆ ಬರೆದಿಲ್ಲ.'

'ಪಾಲಿಸಿ ಅಪ್‌ಡೇಟ್ ಆಗಿದೆ.'

'ಯಾವಾಗ? ತೋರಿಸಿ.'

'ಅದು ಇಂಟರ್ನಲ್ ಮೇಡಂ.'

ವಾದ ಬೇಡವೆಂದು ಕಾರ್ಡ್ ತೆಗೆದೆ. ಮೂವರಿಗೆ 1,770 ರೂಪಾಯಿ. ನಮ್ಮಂಥ ಕಂಪನಿಗೆ ಅದು ಸಣ್ಣ ಮೊತ್ತವಲ್ಲ, ಆದರೂ ಕೊಡಲು ಸಿದ್ಧಳಿದ್ದೆ. ಮ್ಯಾನೇಜರ್ ಕಾರ್ಡ್ ಮುಟ್ಟಲಿಲ್ಲ. ದನಿ ಸ್ವಲ್ಪ ತಗ್ಗಿಸಿ ಹೇಳಿದರು: 'ನಿಜ ಹೇಳ್ತೀನಿ, ಇವತ್ತು ಒಬ್ಬ ಎಂಟರ್‌ಪ್ರೈಸ್ ಕ್ಲೈಂಟ್ ಟೂರ್‌ಗೆ ಬರ್ತಿದ್ದಾರೆ, ನೂರು ಸೀಟಿನ ಡೀಲ್. ಅವರ ಕಣ್ಣಿಗೆ ಪ್ರೊಫೆಷನಲ್ ಕ್ರೌಡ್ ಬೀಳಬೇಕು. ನಿಮಗೆ ಅರ್ಥ ಆಗುತ್ತೆ.' ಹೀಗೆನ್ನುತ್ತ ಅವರು ನೋಡಿದ್ದು ಆ ಹಿರಿಯರ ಪಾದಗಳನ್ನು.

ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಆ ಹಿರಿಯರಿಗೆ ಇಂಗ್ಲಿಷ್ ಬಾರದು. ನೋಟ ಅರ್ಥವಾಗಲು ಭಾಷೆ ಬೇಕಿಲ್ಲ. ಅವರು ತಮ್ಮ ಎರಡೂ ಪಾದಗಳನ್ನು ನಿಧಾನಕ್ಕೆ ಸೋಫಾದ ಕೆಳಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ನೋಡಿ, 'ತಂಗೀ, ನಾವು ಹೊರಗ ಕುಂಡ್ರತೀವಿ ಬಿಡವಾ. ಅಲ್ಲೆ ಗಾಳೀನೂ ಐತಿ' ಎಂದರು. ನನಗೆ ಮುಜುಗರವಾಗದಿರಲಿ ಎಂದು ಹಾಗೆಂದರು. ನಿಮ್ಮ ಮನೆಯಂಗಳಕ್ಕೆ ಬಂದ ಅತಿಥಿ ನಿಮ್ಮ ಮಾನ ಕಾಯಲು ತಾನಾಗಿಯೇ ಹೊರಗೆ ನಡೆದರೆ ಹೇಗಿರುತ್ತದೆ, ಯೋಚಿಸಿ. ಬಾಗಿಲಲ್ಲಿದ್ದ ಕಾವಲುಗಾರ ತಲೆ ತಗ್ಗಿಸಿ, 'ತಾಈ, ಮಾಝ್ಯಾ ಹಾತಾತ ಕಾಹೀ ನಾಹೀ' ಎಂದ. ಅವನ ಕೈಯಲ್ಲಿ ಏನೂ ಇರಲಿಲ್ಲ, ನಿಜ. ಇಡೀ ಕಟ್ಟಡದಲ್ಲಿ ನಾಚಿಕೆಪಟ್ಟವನು ಅವನೊಬ್ಬನೇ.

ಮೇಲೆ ಲೌಂಜ್‌ನಲ್ಲಿದ್ದವರೆಲ್ಲ ಸುದ್ದಿ ತಿಳಿದು ಒಬ್ಬೊಬ್ಬರಾಗಿ ಕೆಳಗಿಳಿದು ಬಂದರು. ಎದುರಿನ ಚಹಾದ ಟಪರಿ ಪಕ್ಕ, ಫುಟ್‌ಪಾತಿನ ಮೇಲೆ ಒಂದೂವರೆ ಗಂಟೆ ಸಭೆ ನಡೆಯಿತು. ಥರ್ಮಲ್ ಕಾಗದದ ಚೀಟಿ ಅಂಗಿಯ ಜೇಬಿನ ಬೆವರಿಗೆ, ಬಿಸಿಲಿಗೆ ಅಳಿಸಿಹೋಗುತ್ತದೆ, ಬಿಲ್ಲು ಬರುವ ಹೊತ್ತಿಗೆ ಖಾಲಿ ಕಾಗದವೇ ಕೈಯಲ್ಲಿ ಉಳಿಯುತ್ತದೆ ಎಂದು ಆ ಹಿರಿಯರು ತಮ್ಮ ಜೇಬಿನಿಂದಲೇ ಒಂದು ಚೀಟಿ ತೆಗೆದು ತೋರಿಸಿದರು. ಎರಡು ವರ್ಷದಿಂದ ಈ ಕೆಲಸದಲ್ಲಿರುವ ನನಗೇ ಅದು ಗೊತ್ತಿರಲಿಲ್ಲ. ನೀವು ಹೊರಗೆ ನಿಲ್ಲಿಸಿದ್ದು ಇಂಥ ತಿಳಿವಳಿಕೆಯನ್ನು.

ಮುಂದಿನ ಸೋಮವಾರ ಲಿಫ್ಟಿನ ಎದುರಿನ ಗೋಡೆಗೆ ಆಳೆತ್ತರದ ಪೋಸ್ಟರ್ ಬಂತು. ನಮ್ಮದೇ ಹಿಂದಿನ ಗುರುವಾರದ ಫೋಟೋ: ನಾನು ಮಾರ್ಕರ್ ಹಿಡಿದು ನಿಂತಿದ್ದೇನೆ, ಸುತ್ತ ನಮ್ಮವರು. ಕೆಳಗೆ 'ನಮ್ಮ ಸ್ಟಾರ್ಟಪ್ ಕಮ್ಯುನಿಟಿ' ಎಂಬ ಬರಹ. ಫೋಟೋದಲ್ಲಿರುವ ಒಬ್ಬರನ್ನೂ ಕೇಳಿಲ್ಲ. ತೆಗೆಯಿರಿ ಎಂದು ಮೂರು ಸಲ ಬರೆದೆ. ಇವತ್ತೂ ಅದು ಅಲ್ಲೇ ಇದೆ.

ಇಷ್ಟಾದರೂ ನಾನು ಈ ಪತ್ರ ಬರೆದಿರಲಿಲ್ಲ. ಬರೆಯಿಸಿದ್ದು ಹೋದ ವಾರದ ಒಂದು ಫೋನ್ ಕರೆ. ಹಂಗಾಮಿಗೆ ಮೊದಲೇ ತಂತ್ರಾಂಶ ಹಾಕಿಸಿಕೊಳ್ಳಲು ಒಂದು ಸಕ್ಕರೆ ಕಾರ್ಖಾನೆ ಒಪ್ಪಿತ್ತು. ಎರಡು ವರ್ಷದ ಓಡಾಟಕ್ಕೆ ಸಿಕ್ಕ ಮೊದಲ ಕಾರ್ಖಾನೆ. ಸಹಿ ಮಾಡಿದ ಒಪ್ಪಂದವನ್ನು ಅವರು ನಮ್ಮ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದ್ದರು. ನಿಮ್ಮ ರಿಸೆಪ್ಷನ್ ಅದನ್ನು 'ಈ ಕಂಪನಿ ಇಲ್ಲಿಲ್ಲ' ಎಂದು ವಾಪಸ್ ಕಳಿಸಿದೆ. ಅವರ ಮ್ಯಾನೇಜರ್ ಫೋನ್ ಮಾಡಿ ಕೇಳಿದರು: 'ಮೇಡಂ, ನಿಮ್ಮ ಆಫೀಸೇ ಇಲ್ಲವಂತಲ್ಲ?' ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಆ ಹೊತ್ತಿನಲ್ಲಿ ನಾನು ಕೂತಿದ್ದು ನಿಮ್ಮದೇ ಡೆಸ್ಕ್‌ನಲ್ಲಿ, ಆ ತಿಂಗಳ ಹಣ ಕಟ್ಟಿ.

ಕೇಳಲು ಹೋದರೆ ಬಾಗಿಲಿನ ನಾಮಫಲಕದಲ್ಲಿ ನಮ್ಮ ಹೆಸರೂ ಇಲ್ಲ. ಸಂಜೆಗೆ ನಿಮ್ಮ ಮೇಲ್ ಬಂತು: ವಿಳಾಸದ ಸೇವೆ ಏಳು ದಿನದಲ್ಲಿ ಕೊನೆಯಾಗುತ್ತದಂತೆ, ಡಿಪಾಸಿಟ್ 45 ದಿನದ ನಂತರ 'ಪರಿಶೀಲಿಸಿ' ಕೊಡುತ್ತೀರಂತೆ. ಒಪ್ಪಂದದಲ್ಲಿ ಇರುವುದು 30 ದಿನದ ನೋಟಿಸ್. ರೈತರ ಕಬ್ಬಿನ ದುಡ್ಡಿಗೆ ಕಾನೂನು 14 ದಿನ ಕೊಟ್ಟಿದೆ. ನಮ್ಮದೇ ದುಡ್ಡನ್ನು ನಮಗೆ ತಿರುಗಿಸಲು ನಿಮಗೆ 45 ದಿನ ಏಕೆ?

ಇದು ಬರೀ ಕಾಗದದ ವಿಷಯವಲ್ಲ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ನೋಂದಾಯಿತ ಕಚೇರಿಯಲ್ಲಿ ಬಂದ ಪತ್ರ, ನೋಟಿಸುಗಳನ್ನು ಪಡೆದು ಸಹಿ ಹಾಕುವವರು ಇರಬೇಕು, ಹೊರಗೆ ಕಂಪನಿಯ ಹೆಸರಿರಬೇಕು. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ ಒಂದು ಲಕ್ಷದವರೆಗೆ ದಂಡ. ಅದು ಬೀಳುವುದು ನಮ್ಮ ಮೇಲೆ, ನಿಮ್ಮ ಮೇಲಲ್ಲ. ಜಿಎಸ್‌ಟಿ ವಿಳಾಸ ಬದಲಾದರೆ 15 ದಿನದೊಳಗೆ ತಿದ್ದುಪಡಿ ಅರ್ಜಿ ಹಾಕಬೇಕು. ವಿಳಾಸವನ್ನು ಮಾರಿ ಹಣ ಪಡೆಯುವ ನಿಮಗೆ ಇದೆಲ್ಲ ಗೊತ್ತಿಲ್ಲವೆಂದು ನಾನು ನಂಬಲಾರೆ.

ಬೇಕಾದದ್ದು ಇಷ್ಟು. ಈ ಪತ್ರ ತಲುಪಿದ ಏಳು ದಿನದೊಳಗೆ ಡಿಪಾಸಿಟ್ 26,000 ರೂಪಾಯಿ ನಮ್ಮ ಖಾತೆಗೆ ಬರಬೇಕು. ಹೊಸ ವಿಳಾಸದ ಕಾಗದಪತ್ರ ಮುಗಿಯುವವರೆಗೆ, ಒಪ್ಪಂದದಂತೆ 30 ದಿನ, ನಮ್ಮ ಫಲಕ ಬಾಗಿಲಲ್ಲಿರಬೇಕು, ನಮ್ಮ ಅಂಚೆಯನ್ನು ಸಹಿ ಹಾಕಿ ಪಡೆಯಬೇಕು. ಅಂಚೆ ವಾಪಸ್ ಹೋದದ್ದು ನಿಮ್ಮ ತಪ್ಪು ಎಂದು ಕಾರ್ಖಾನೆಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ ಹೋಗಬೇಕು. ಪೋಸ್ಟರ್ ಇಳಿಯಬೇಕು. ಚಿಕ್ಕೋಡಿಯ ಆ ಮೂವರಿಗೆ ನೀವೇ ಫೋನ್ ಮಾಡಿ, ಕನ್ನಡದಲ್ಲಿ, ಕ್ಷಮೆ ಕೇಳಬೇಕು. ನಂಬರ್ ನಾನು ಕೊಡುತ್ತೇನೆ.

ಏಳು ದಿನ ಕಳೆದರೆ ಎಂಟನೇ ದಿನ ವಕೀಲರ ನೋಟಿಸ್ ನಿಮ್ಮ ಮೇಜಿನ ಮೇಲಿರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಇದು ವಾಣಿಜ್ಯ ಉದ್ದೇಶದ ಸೇವೆ ಎಂದು ನೀವು ಅಲ್ಲಿ ನುಣುಚಿಕೊಂಡರೆ ಸಿವಿಲ್ ನ್ಯಾಯಾಲಯದ ಬಾಗಿಲು ಶಿವಾಜಿನಗರದಲ್ಲಿ ತೆರೆದೇ ಇದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಲೀವ್ ಅಂಡ್ ಲೈಸೆನ್ಸ್ (ಹಣ ಪಡೆದು ಜಾಗ ಬಳಸಲು ಅನುಮತಿ ಕೊಡುವ) ಕರಾರನ್ನು ನೋಂದಾಯಿಸುವ ಹೊಣೆ ಮಾಲೀಕರದು. ನೋಂದಾಯಿಸದಿದ್ದರೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. 'ಮೆಂಬರ್‌ಶಿಪ್' ಎಂಬ ಹೆಸರಿಟ್ಟು ಎಷ್ಟು ಕರಾರುಗಳನ್ನು ನೋಂದಾಯಿಸದೆ ಬಿಟ್ಟಿದ್ದೀರಿ ಎಂಬುದನ್ನೂ ಅಲ್ಲೇ ಕೇಳುತ್ತೇನೆ.

ಗುರುವಾರದ ಇಪ್ಪತ್ತಾರು ಜನರಲ್ಲಿ ಹತ್ತೊಂಬತ್ತು ಮಂದಿ ನಿಮ್ಮ ಸದಸ್ಯರು. ಈ ತಿಂಗಳ ಕೊನೆಗೆ ಹತ್ತೊಂಬತ್ತೂ ಮಂದಿ ಒಟ್ಟಿಗೆ ಹೊರಡುತ್ತಿದ್ದೇವೆ. ನೋಟಿಸುಗಳಿಗೆ ಸಹಿ ಆಗಿದೆ. ಅವತ್ತಿಗೂ ಆ ಪೋಸ್ಟರ್ ಗೋಡೆಯ ಮೇಲಿದ್ದರೆ ಅದರ ಕೆಳಗೇ ನಿಂತು, ನಿಮ್ಮ ಟೂರ್‌ಗೆ ಬಂದವರಿಗೆಲ್ಲ ಆ ಗುರುವಾರ ಏನು ನಡೆಯಿತೆಂದು ಹೇಳುತ್ತೇವೆ. ಚಿಕ್ಕೋಡಿಯ ಆ ಹಿರಿಯರಿಗೂ ಫೋನ್ ಮಾಡಿದ್ದೆ. ಬಸ್ಸಿನ ಸಮಯ ಕೇಳಿಕೊಂಡಿದ್ದಾರೆ.

ಇತಿ,
ಬಾಣೇರ್ ಶಾಖೆಯ ಸದಸ್ಯೆ, ಎರಡು ಡೆಸ್ಕ್, ಬಾಕಿ ಸೊನ್ನೆ

ಲಗತ್ತು: ಒಪ್ಪಂದದ ಪ್ರತಿ, ವಾಪಸಾದ ಲಕೋಟೆಯ ಫೋಟೋ, ಉತ್ತರವಿಲ್ಲದ ಆರು ಮೇಲ್‌ಗಳು