ಮೋಸ ಅಂತ ಹೇಳುವುದು ಸುಲಭ, ಮಾರಾಯ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ವೀಡಿಯೊ ನೋಡಿದೆ. ಅದರ ಕೆಳಗೆ ಬರೆದದ್ದನ್ನೂ ಓದಿದೆ. "ಈಗ ಚೆಸ್ಸಿನಲ್ಲಿ ಎಲ್ಲ ಮೋಸವಂತೆ, ನೀನು ಇನ್ನೂ ನಿದ್ದೆಗೆಟ್ಟು ನೋಡ್ತೀಯಾ?" ಹೌದು ಮಾರಾಯ, ನೋಡುತ್ತೇನೆ. ಫೋನಿನಲ್ಲಿ ಎರಡು ಸಾಲು ಕುಟ್ಟಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಪತ್ರ.

ಮೊದಲು ನಿದ್ದೆಯ ಕಥೆ. 2024ರ ಏಪ್ರಿಲ್‌ನಲ್ಲಿ ಕ್ಯಾಂಡಿಡೇಟ್ಸ್, ಅಂದರೆ ವಿಶ್ವ ಚಾಂಪಿಯನ್ನನ ಎದುರಾಳಿಯನ್ನು ಆರಿಸುವ ಟೂರ್ನಿ, ನಡೆದದ್ದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿ ಮಧ್ಯಾಹ್ನ ಆಟ ಶುರುವಾದರೆ ನಮಗೆ ನಡುರಾತ್ರಿ. ನಮ್ಮ ಬದಿಯಡ್ಕ ಕಡೆಯ ಏಪ್ರಿಲ್ ನಿನಗೆ ಗೊತ್ತಲ್ಲ. ಬಾವಿಯ ತಳ ಕಾಣುವ ಕಾಲ. ಸಂಜೆಯಾದರೆ ವೋಲ್ಟೇಜ್ ಇರುವುದಿಲ್ಲ. ಅಡಿಕೆಗೆ ನೀರು ಬಿಡಬೇಕಾದರೆ ರಾತ್ರಿ ಎದ್ದೇ ಪಂಪು ಹಾಕಬೇಕು. ಹೇಗೂ ಎದ್ದಾಯಿತಲ್ಲ, ಪಂಪುಶೆಡ್ಡಿನ ಹತ್ತಿರ ಕೂತು ಮೊಬೈಲ್ ನೋಡುತ್ತಿದ್ದೆ. ತೋಟದ ಆ ತುದಿಗೆ ಹೋಗಿ ವಾಲ್ವ್ ತಿರುಗಿಸಿ ಬಂದರೂ ಗುಕೇಶ್ ಅದೇ ನಡೆಯನ್ನು ಯೋಚಿಸುತ್ತಾ ಕೂತಿರುತ್ತಿದ್ದ. ಗಂಟೆಗಟ್ಟಲೆ ನಡೆಯುವ ಈ ಕ್ಲಾಸಿಕಲ್ ಚೆಸ್ ತೋಟದವರಿಗೆಂದೇ ಮಾಡಿದ ಆಟ ನೋಡು.

ಕೊನೆಯ ಸುತ್ತಿನ ರಾತ್ರಿ ಮಾತ್ರ ವಾಲ್ವ್ ಮರೆತೇ ಹೋಯಿತು. ಗುಕೇಶ್ ನಕಮುರಾ ಜೊತೆ ಡ್ರಾ ಮಾಡಿ 9 ಅಂಕಕ್ಕೆ ನಿಂತಿದ್ದ. ಇನ್ನೊಂದು ಬೋರ್ಡಿನಲ್ಲಿ ಕರುವಾನ ಮತ್ತು ನೆಪೊಮ್ನಿಯಾಚಿ. ಇಬ್ಬರಲ್ಲಿ ಯಾರು ಗೆದ್ದರೂ ಗುಕೇಶನಿಗೆ ಸಮ, ಮತ್ತೆ ಟೈಬ್ರೇಕ್ ಆಡಬೇಕು. ಕರುವಾನನಿಗೆ ಗೆಲುವು ಸಿಕ್ಕಿತ್ತು, ಜಾರಿತು, ಮತ್ತೆ ಸಿಕ್ಕಿತು, ಮತ್ತೆ ಜಾರಿತು. 109 ನಡೆ! ಇಲ್ಲಿ ಕೋಳಿ ಕೂಗುವ ಹೊತ್ತಿಗೆ ಅದು ಡ್ರಾ ಆಯಿತು. ಹದಿನೇಳು ವರ್ಷದ ಹುಡುಗ ವಿಶ್ವ ಚಾಂಪಿಯನ್ನನಿಗೆ ಸವಾಲು ಹಾಕುವವನಾದ. ಏಳನೇ ಸುತ್ತಿನಲ್ಲಿ ಅಲಿರೇಜಾ ಕೈಯಲ್ಲಿ ಸೋತಿದ್ದನಲ್ಲ, ಆ ಸೋಲಿನಿಂದಲೇ ತನಗೆ ಹುರುಪು ಬಂತು ಅಂತ ಆಮೇಲೆ ಅವನೇ ಹೇಳಿದ.

ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ. ಹದಿನಾಲ್ಕನೇ ಆಟ, ಅದೇ ಕೊನೆಯದು. ಸರಿಯಾಗಿ ಆಡಿದರೆ ಡ್ರಾ ಆಗುವ ಸ್ಥಿತಿ. 55ನೇ ನಡೆಯಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ಇಟ್ಟ. ಅಷ್ಟೇ. ಆನೆಗಳು ಹೋದವು, ಒಂಟೆಗಳೂ ಹೋಗುವುದು ಖಂಡಿತ, ಉಳಿಯುವುದು ರಾಜ ಮತ್ತು ಕಾಲಾಳು. ಗುಕೇಶನ ಹತ್ತಿರ ಕಾಲಾಳು ಜಾಸ್ತಿ. ಆ ನಡೆ ನೋಡಿದಾಗ ಅವನ ಮುಖ ಬದಲಾದದ್ದು ನೀನೂ ನೋಡಿದ್ದೀ. ಹದಿನೆಂಟು ವರ್ಷಕ್ಕೆ ವಿಶ್ವ ಚಾಂಪಿಯನ್.

ಆಮೇಲೆ ಶುರುವಾಯಿತಲ್ಲ ತಮಾಷೆ. ಆಂಧ್ರದ ಮುಖ್ಯಮಂತ್ರಿ "ನಮ್ಮ ತೆಲುಗು ಹುಡುಗ" ಅಂದರು. ತಮಿಳುನಾಡು ಸರಕಾರ ನಮ್ಮ ಚೆನ್ನೈಯ ಹುಡುಗ ಅಂತ 5 ಕೋಟಿ ಘೋಷಿಸಿತು. ಜಾಲತಾಣದಲ್ಲಿ ಎರಡೂ ಕಡೆಯವರು ಕಿತ್ತಾಡಿದರು. ಕಾಸರಗೋಡಿನವರಾದ ನಮಗೆ ಇದೆಲ್ಲ ಹೊಸದಾ? ನಾನಂತೂ 2022ರಲ್ಲಿ ಮಹಾಬಲಿಪುರಂ ಒಲಿಂಪಿಯಾಡಿನಲ್ಲಿ ತ್ರಿಶ್ಶೂರಿನ ನಿಹಾಲ್ ಸರಿನ್ ಚಿನ್ನ ಗೆದ್ದಾಗ ಕೇರಳದವನಾಗಿದ್ದೆ. 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಕರ್ನಾಟಕದವನಾಗಿದ್ದೆ. ಗಡಿಯಲ್ಲಿರುವ ಲಾಭ ಇದು, ಎರಡೂ ಕಡೆ ಚಪ್ಪಾಳೆ ಹೊಡೆಯಬಹುದು.

ಆದರೆ ಆ ಗೆಲುವಿಗೂ ಮಸಿ ಬಳಿಯಲು ಜನ ಬಂದರು. ಡಿಂಗ್ ಬೇಕೆಂದೇ ಸೋತದ್ದು, ತನಿಖೆಯಾಗಲಿ ಅಂತ ರಷ್ಯಾದ ಚೆಸ್ ಒಕ್ಕೂಟದ ಅಧ್ಯಕ್ಷರೇ ಹೇಳಿದರು. ಸೋತವನ ಮುಖ ನೋಡಿದವರು ಆ ಮಾತು ಆಡಲಿಕ್ಕಿಲ್ಲ. ವಿಶ್ವ ಚೆಸ್ ಒಕ್ಕೂಟ ಫಿಡೆ ಅದನ್ನು ಒಪ್ಪಲಿಲ್ಲ, ಬಿಡು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೋಸ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2015ರಲ್ಲಿ ದುಬೈಯಲ್ಲಿ ನಿಗಾಲಿಡ್ಜೆ ಎಂಬ ಗ್ರ್ಯಾಂಡ್‌ಮಾಸ್ಟರ್ ನಡೆ ಹೇಳಿಕೊಡುವ ಚೆಸ್ ಎಂಜಿನ್ ಇದ್ದ ಫೋನನ್ನು ಪಾಯಿಖಾನೆಯಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದ. 2019ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ರೌಸಿಸ್ ಎಂಬವನೂ ಹಾಗೆಯೇ. ಅವನಿಗೆ ಐವತ್ತೆಂಟು ವರ್ಷ. ಆ ವಯಸ್ಸಿನಲ್ಲಿ ರೇಟಿಂಗ್ 2700ರ ಹತ್ತಿರ, ಅಂದರೆ ವಿಶ್ವದ ಅಗ್ರ ಆಟಗಾರರ ಮಟ್ಟಕ್ಕೆ, ಬಂದಿತ್ತು! ಆದರೆ ಒಂದು ನೋಡು. ಇಬ್ಬರನ್ನೂ ಹಿಡಿದದ್ದು ಫೋನಿನ ಸಮೇತ. ಮುಖ ನೋಡಿ ಅಲ್ಲ.

2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ನಿನ್ನ ಹೀರೊ ಕಾರ್ಲ್‌ಸನ್ ಮಾಡಿದ್ದೇನು? ಹತ್ತೊಂಬತ್ತು ವರ್ಷದ ಹಾನ್ಸ್ ನೀಮನ್ ಕಪ್ಪು ಕಾಯಿಯಲ್ಲಿ ಕಾರ್ಲ್‌ಸನ್‌ನನ್ನು ಸೋಲಿಸಿದ. ಮರುದಿನ ಕಾರ್ಲ್‌ಸನ್ ಟೂರ್ನಿಯನ್ನೇ ಬಿಟ್ಟು ಹೋದ. ಫುಟ್ಬಾಲ್ ಕೋಚ್ ಒಬ್ಬರ "ಮಾತಾಡಿದರೆ ತೊಂದರೆಯಾಗುತ್ತದೆ" ಎಂಬ ವೀಡಿಯೊ ಹಾಕಿ ಸುಮ್ಮನೆ ಕೂತ. ಕೆಲವು ದಿನ ಕಳೆದು ಆನ್‌ಲೈನಿನಲ್ಲಿ ಅದೇ ಹುಡುಗ ಎದುರಾದಾಗ ಒಂದೇ ನಡೆ ಆಡಿ ರಾಜೀನಾಮೆ. ಕೊನೆಗೆ ಬಾಯಿ ಬಿಟ್ಟಾಗ ಕೊಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತಾ? ಹುಡುಗನಿಗೆ ಟೆನ್ಷನ್ನೇ ಇದ್ದ ಹಾಗೆ ಕಾಣಲಿಲ್ಲವಂತೆ.

ನೀಮನ್ ಸಾಚಾ ಅಂತ ನಾನು ವಾದಿಸುವುದಿಲ್ಲ. ಹನ್ನೆರಡು ವರ್ಷದಲ್ಲೊಮ್ಮೆ, ಹದಿನಾರರಲ್ಲೊಮ್ಮೆ ಆನ್‌ಲೈನಿನಲ್ಲಿ ಮೋಸ ಮಾಡಿದ್ದೆ ಅಂತ ಅವನೇ ಒಪ್ಪಿದ. ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮಾಡಿರಬಹುದು ಅಂತ ಆನ್‌ಲೈನ್ ಆಟದ ತಾಣ ಚೆಸ್ ಡಾಟ್ ಕಾಮ್ 72 ಪುಟದ ವರದಿ ಕೊಟ್ಟಿತು. ಆದರೆ ಆ ದಿನ ಎದುರುಬದುರು ಕೂತು ಆಡಿದ ಆಟದಲ್ಲಿ ಮೋಸ ಆಯಿತು ಅಂತ ಇವತ್ತಿನವರೆಗೆ ಯಾರೂ ತೋರಿಸಿಲ್ಲ. ನೀಮನ್ ಹಾಕಿದ 10 ಕೋಟಿ ಡಾಲರಿನ ದಾವೆ, ಅದು ವಜಾ, ಆಮೇಲೆ ರಾಜಿ. ಸಕಾರಣವಿಲ್ಲದೆ ಟೂರ್ನಿ ಬಿಟ್ಟದ್ದಕ್ಕೆ ಫಿಡೆ ಕಾರ್ಲ್‌ಸನ್‌ಗೆ 10,000 ಯೂರೊ ದಂಡ ಹಾಕಿತು. ಅವನಿಗೆ ಅದೇನು ಲೆಕ್ಕ.

ನನಗೆ ಹೆಚ್ಚು ಕಾಡುವುದು ರಷ್ಯಾದ ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಕಥೆ. 2006ರ ಎಲಿಸ್ಟಾ ನೆನಪಿದೆಯಾ? ನಾವು ಪೇಟೆಯ ಇಂಟರ್‌ನೆಟ್ ಸೆಂಟರಿನಲ್ಲಿ ಗಂಟೆಗೆ ದುಡ್ಡು ಕೊಟ್ಟು ನೋಡಿದ, ರಷ್ಯಾದ ಎಲಿಸ್ಟಾ ಊರಿನಲ್ಲಿ ನಡೆದ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ. ಕ್ರಾಮ್ನಿಕ್ ಎದುರು ಟೊಪಲೊವ್. ನಾಲ್ಕು ಆಟಕ್ಕೆ ಕ್ರಾಮ್ನಿಕ್ 3-1 ಮುಂದೆ. ಆಗ ಟೊಪಲೊವನ ಮ್ಯಾನೇಜರ್ ದೂರು ಕೊಟ್ಟ: ಕ್ರಾಮ್ನಿಕ್ ಒಂದೊಂದು ಆಟದಲ್ಲಿ ಐವತ್ತು ಸಲ ಪಾಯಿಖಾನೆಗೆ ಹೋಗುತ್ತಾನೆ, ಕ್ಯಾಮೆರಾ ಇಲ್ಲದ ಜಾಗ ಅದೊಂದೇ. ಸಮಿತಿಯವರು ಕ್ರಾಮ್ನಿಕ್‌ನ ಪಾಯಿಖಾನೆಗೆ ಬೀಗ ಹಾಕಿದರು! ಇಬ್ಬರೂ ಒಂದನ್ನೇ ಬಳಸಿ ಅಂದರು. ತೆಗೆಯುವ ತನಕ ಆಡುವುದಿಲ್ಲ ಅಂತ ಕ್ರಾಮ್ನಿಕ್ ಹಟ ಹಿಡಿದ. ಗಡಿಯಾರ ಓಡಿತು, ಐದನೇ ಆಟ ಆಡದೆಯೇ ಸೋತ. ಆಗ ಫಿಡೆ ಅಧ್ಯಕ್ಷನಾಗಿದ್ದವನು, ಅನ್ಯಗ್ರಹದವರು ತನ್ನನ್ನು ಕರೆದುಕೊಂಡು ಹೋಗಿದ್ದರು ಅಂತ ಹೇಳಿಕೊಂಡ ಆಸಾಮಿ. ಅಂಥವನ ಮನೆಯಂಗಳದಲ್ಲಿ ಇನ್ನೇನು ನಡೆಯಬೇಕು? ಹೇಗೋ 6-6 ಆಗಿ, ಟೈಬ್ರೇಕಿನಲ್ಲಿ ಕ್ರಾಮ್ನಿಕ್ ಗೆದ್ದ. ಪುರಾವೆ ಒಂದೂ ಸಿಗಲಿಲ್ಲ. ಆವತ್ತು ನಾವಿಬ್ಬರೂ ಅವನ ಪರ.

ಅದೇ ಮನುಷ್ಯ ಈಗ ಕಂಡಕಂಡವರ ಮೇಲೆ ಬೊಟ್ಟು ಮಾಡುತ್ತಾನೆ. ನೇರ ಮೋಸ ಅನ್ನುವುದಿಲ್ಲ, "ಕುತೂಹಲಕರ ಅಂಕಿ" ಎಂಬ ಧಾಟಿ. ನಕಮುರಾ ಆನ್‌ಲೈನಿನಲ್ಲಿ 46 ಆಟಗಳಲ್ಲಿ 45.5 ಅಂಕ ಗಳಿಸಿದ್ದಕ್ಕೆ ಹುಬ್ಬೇರಿಸಿದ. ಹತ್ತಾರು ಸಾವಿರ ಆಟ ಆಡಿದವನು, ಎದುರಿಗಿದ್ದವರು ಹೆಚ್ಚಿನವರು ತೀರಾ ಕಡಿಮೆ ರೇಟಿಂಗಿನವರು. ಎಲ್ಲೋ ಒಂದು ಕಡೆ ಇಂಥ ಸರಣಿ ಬರದಿದ್ದರೆ ಆಶ್ಚರ್ಯ. ನಕಮುರಾ ದಪ್ಪ ಚರ್ಮದವನು, ನಕ್ಕು ಮುಂದೆ ಹೋದ.

ಎಲ್ಲರೂ ಹಾಗಿರುವುದಿಲ್ಲ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡ್ಯಾನಿಯಲ್ ನರೊಡಿಟ್‌ಸ್ಕಿ ತೀರಿಹೋದ ಸುದ್ದಿ 2025ರ ಅಕ್ಟೋಬರಿನಲ್ಲಿ ಬಂತು. ಇಪ್ಪತ್ತೊಂಬತ್ತು ವರ್ಷ. ಎಂಡ್‌ಗೇಮ್, ಕಾಯಿ ಕಡಿಮೆಯಾದ ಆಟದ ಕೊನೆಯ ಹಂತ, ಅಂದರೆ ಏನು ಅಂತ ನನಗೆ ಬಿಡಿಸಿ ಹೇಳಿಕೊಟ್ಟ ವೀಡಿಯೊಗಳು ಅವನವು. ಕ್ರಾಮ್ನಿಕ್ ಒಂದು ವರ್ಷದಿಂದ ಅವನ ಬೆನ್ನು ಬಿದ್ದಿದ್ದ. ಆ ಅನುಮಾನ ತನ್ನನ್ನು ಎಷ್ಟು ಹಿಂಡಿದೆ ಅಂತ ಕೊನೆಯ ಲೈವಿನಲ್ಲಿ ಅವನು ಮಾತಾಡಿದ್ದ. ಸಾವಿಗೆ ಕಾರಣ ಅದೇ ಅಂತ ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಎಲಿಸ್ಟಾದಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ನಿಂತವನಿಗೇ ಇದು ಹೇಗೆ ಅರ್ಥವಾಗಲಿಲ್ಲ? ಮೋಸ ಮಾಡಿದ್ದರೆ ಹಿಡಿಯಬಹುದು. ಮಾಡಿಲ್ಲ ಅಂತ ತೋರಿಸುವುದು ಹೇಗೆ ಮಾರಾಯ? ಕ್ರಾಮ್ನಿಕ್ ಮೇಲೆ ಫಿಡೆಯೇ ತನ್ನ ನೀತಿ ಸಮಿತಿಗೆ ದೂರು ಕೊಟ್ಟಿತು, ಅದೂ ಹುಡುಗ ಹೋದ ಮೇಲೆ.

ಇದು ದೊಡ್ಡವರ ಜಗಳ ಅಂತ ಬಿಡುವ ಹಾಗೂ ಇಲ್ಲ. ಹೋದ ರಜೆಯಲ್ಲಿ ನಮ್ಮ ಸೀಮೆಯ ಒಂದು ಶಾಲೆಯಲ್ಲಿ ಮಕ್ಕಳ ಟೂರ್ನಮೆಂಟಿತ್ತು. ಮಲಯಾಳ ಮೀಡಿಯಂ, ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಎಲ್ಲ ಸೇರಿತ್ತು. ರೇಟಿಂಗೇ ಇಲ್ಲದ ಹುಡುಗನೊಬ್ಬ, ಕೋಚಿಂಗಿಗೆ ಹೋಗುವ ಹುಡುಗನನ್ನು ಹೊಡೆದ. ಸೋತವನ ಅಪ್ಪ ಎಲ್ಲರಿಗೂ ಕೇಳುವ ಹಾಗೆ, "ಅವನು ಎಷ್ಟು ಸಲ ಹೊರಗೆ ಹೋದ ನೋಡಿದ್ದೀರಾ? ಕಿಸೆ ನೋಡಿ" ಅಂದರು. ಗೆದ್ದ ಹುಡುಗ ತಾನೇ ಕಿಸೆ ತಿರುವಿ ತೋರಿಸಿದ. ಪುಳಿಮಿಠಾಯಿ, ಬಸ್ಸಿನ ಚಿಲ್ಲರೆ. ತೀರ್ಪುಗಾರರಾದ ಆರ್ಬಿಟರ್ ಒಳ್ಳೆಯವರು. ಆ ಅಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗಿ, ಅನುಮಾನ ಇದ್ದರೆ ನನ್ನ ಹತ್ತಿರ ಬಂದು ಬರೆದು ಕೊಡಿ, ಹಾಲಿನಲ್ಲಿ ಕೂಗಬೇಡಿ ಅಂದರು. ಆಧಾರ ಇಲ್ಲದ ದೂರು ಕೊಟ್ಟವರಿಗೇ ಎಚ್ಚರಿಕೆ ಕೊಡುವ ಅವಕಾಶ ಫಿಡೆ ನಿಯಮದಲ್ಲಿದೆ. ದೊಡ್ಡ ಟೂರ್ನಿಗಳಲ್ಲಿ ಅದನ್ನು ಬಳಸುವ ಧೈರ್ಯ ಮಾತ್ರ ಕಾಣುವುದಿಲ್ಲ. ಆ ಹುಡುಗ ಮುಂದಿನ ಎರಡೂ ಸುತ್ತು ಸೋತ. ನೀರು ಕುಡಿಯಲೂ ಏಳಲಿಲ್ಲ.

ಜೀನ್ಸ್ ಗಲಾಟೆಯ ಬಗ್ಗೆಯೂ ಕೇಳಿದ್ದೀಯಲ್ಲ. 2024ರ ಕೊನೆಗೆ ನ್ಯೂಯಾರ್ಕಿನಲ್ಲಿ ವೇಗದ ಚೆಸ್ಸಿನ ವಿಶ್ವ ಟೂರ್ನಿಗೆ ಕಾರ್ಲ್‌ಸನ್ ಜೀನ್ಸ್ ಹಾಕಿಕೊಂಡು ಬಂದ, 200 ಡಾಲರ್ ದಂಡ ಹಾಕಿದರು, ಬದಲಿಸು ಅಂದರು, ಇಲ್ಲ ಅಂದ, ಹೋದ. ಫಿಡೆ ನಿಯಮ ಸಡಿಲಿಸಿತು, ಕೆಲವೇ ನಿಮಿಷದ ಬ್ಲಿಟ್ಜ್ ಆಟಗಳಿಗೆ ವಾಪಸ್ ಬಂದ. ಲುಂಗಿ ಎತ್ತಿ ಕಟ್ಟಿಕೊಂಡು ಆಡುವ ನಾವು ಇದರ ಬಗ್ಗೆ ಏನು ಹೇಳುವುದು? ಬೇಸರವಾದದ್ದು ಫೈನಲಿನಲ್ಲಿ. ನೆಪೊಮ್ನಿಯಾಚಿ ಜೊತೆ ಪ್ರಶಸ್ತಿ ಹಂಚಿಕೊಂಡನಲ್ಲ, ಅದು. ಇಬ್ಬರಲ್ಲಿ ಒಬ್ಬ ಗೆಲ್ಲುವ ತನಕ ಆಡಿಸಬೇಕಿತ್ತು.

ನಿನ್ನ ಮಗ ಆಟ ನೋಡುವಾಗ ಪರದೆಯ ಪಕ್ಕದ ಎಂಜಿನ್ ಪಟ್ಟಿ, ಕಂಪ್ಯೂಟರಿನ ಲೆಕ್ಕ ತೋರಿಸುವುದು, ಮುಚ್ಚಿಬಿಡು. ಯಾರು ಮುಂದೆ, ಯಾರು ತಪ್ಪಿದರು ಅಂತ ಅದು ಕ್ಷಣದಲ್ಲೇ ಹೇಳುತ್ತದೆ. ಅದನ್ನು ನೋಡಿ ನೋಡಿ ನಮಗೆಲ್ಲ ನ್ಯಾಯಾಧೀಶರ ಗತ್ತು ಬಂದಿದೆ. ಆಟಗಾರ ತಪ್ಪಿದರೆ ದಡ್ಡ, ಸರಿ ಆಡಿದರೆ ಕಳ್ಳ. ನಾನೀಗ ಪಟ್ಟಿ ಮುಚ್ಚಿಯೇ ನೋಡುವುದು. ಪ್ರಸಂಗದ ಕೊನೆ ಗೊತ್ತಿದ್ದೂ ಅರ್ಥ ಕೇಳಲು ತಾಳಮದ್ದಳೆಗೆ ಕೂರುತ್ತೇವಲ್ಲ, ಹಾಗೆ ಹಳೆಯ ಆಟಗಳನ್ನೂ ಹಾಕಿಕೊಂಡು ಕೂರುತ್ತೇನೆ. ಮಗನನ್ನು ಟೂರ್ನಮೆಂಟಿಗೆ ಧಾರಾಳವಾಗಿ ಕಳಿಸು. ಫೋನು ಮಾತ್ರ ನಿನ್ನ ಕೈಯಲ್ಲಿರಲಿ. ಸೋತು ಬಂದ ದಿನ ಎದುರಾಳಿಯ ಬಗ್ಗೆ ಏನೂ ಹೇಳಬೇಡ.

ಕಾರ್ಲ್‌ಸನ್ ವಿಷಯದಲ್ಲಿ ನೀನು ಒಪ್ಪುವುದಿಲ್ಲ, ಗೊತ್ತು. ಉತ್ತರ ಬರೆ. ನಿನ್ನದೇ ಮಾತಿನಲ್ಲಿ ಬರೆ ಮಾರಾಯ, ಮತ್ತೊಂದು ವೀಡಿಯೊ ಕಳಿಸಬೇಡ.

ನಿನ್ನ,
ಊರಲ್ಲೇ ಉಳಿದ ಗೆಳೆಯ