ಬಾಯಿ ಮುಚ್ಚಿ ಗುನುಗು, ಪುಟ್ಟಿ

ತಿಪಟೂರು
ಶುಕ್ರವಾರ ಸಂಜೆ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮಪ್ಪನ ಮಂಡಿನೋವು ಈಗ ಪರವಾಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಭಾನುವಾರ ನೀನು ಫೋನ್ ಮಾಡಿದಾಗ ಬೇರೆ ಯಾರೋ ಅಂದುಕೊಂಡೆ. ದನಿ ಅಷ್ಟು ಒಡೆದಿತ್ತು. "ಏನಿಲ್ಲ ಅತ್ತೆ, ಮಕ್ಕಳ ಹತ್ತಿರ ಕೂಗಿ ಕೂಗಿ ಗಂಟಲು ಕಟ್ಟಿದೆ, ಸರಿಹೋಗುತ್ತೆ" ಅಂದೆ. ಆಮೇಲೆ ಗಂಟಲಿಗೆ ವಿಶ್ರಾಂತಿ ಸಿಗಲಿ ಅಂತ ಹತ್ತು ನಿಮಿಷವೂ ಪಿಸುಗುಟ್ಟಿಕೊಂಡೇ ಮಾತಾಡಿದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನೀನು ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ಆಗಿಲ್ಲ. ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತ ನಲಿ-ಕಲಿ ಕೋಣೆ, ಮೇಲೆ ತಗಡಿನ ಶೀಟು, ಪಕ್ಕದಲ್ಲೇ ರಸ್ತೆ. ಇನ್ನೂ ಮೂವತ್ತು ಮೂವತ್ತೈದು ವರ್ಷ ಇದೇ ಗಂಟಲಿನಲ್ಲಿ ಪಾಠ ಮಾಡಬೇಕು ನೀನು.

ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಉತ್ತರ ಕೊಡುವುದಕ್ಕೆ ಮತ್ತೆ ಗಂಟಲು ತೆರೆಯುತ್ತೀಯ. ಓದುವಾಗಲಾದರೂ ಸುಮ್ನೆ ಇರ್ತೀಯ, ಅಲ್ವಾ?

ಮೊದಲು ಆ ಪಿಸುಮಾತು ನಿಲ್ಲಿಸು. ಅದು ಗಂಟಲಿಗೆ ವಿಶ್ರಾಂತಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಎಷ್ಟೋ ಜನ ಪಿಸುಗುಟ್ಟುವಾಗ ಗಂಟಲನ್ನು ಇನ್ನೂ ಬಿಗಿ ಹಿಡಿಯುತ್ತಾರೆ. ಮಾತಾಡಲೇಬೇಕಾದರೆ ಮೆಲ್ಲಗೆ, ನಿನ್ನದೇ ದನಿಯಲ್ಲಿ ಮಾತಾಡು. ಉಳಿದ ಹೊತ್ತು ಸುಮ್ಮನಿರು. ದಿನದಲ್ಲಿ ಐದಾರು ಸಲ, ಎರಡೆರಡು ನಿಮಿಷ ಗುನುಗು.

ಗುನುಗುವುದಾ ಅಂತ ನಗಬೇಡ. ನನ್ನ ದನಿ ವಾಪಸ್ಸು ಬಂದದ್ದೇ ಅದರಿಂದ. ಇದನ್ನು ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ.

ಆಗ ನೀನಿನ್ನೂ ಹುಟ್ಟಿರಲಿಲ್ಲ. ನಾನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಗಿತ್ತು. ಒಂದು ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಗಂಟಲು ಕಟ್ಟಿತು. ಕಲ್ಲುಸಕ್ಕರೆ, ಕಾಳುಮೆಣಸು, ಜೇಷ್ಠಮಧು, ಬಿಸಿನೀರಿಗೆ ಉಪ್ಪು, ಯಾರು ಏನು ಹೇಳಿದರೋ ಅದೆಲ್ಲ ಮಾಡಿದೆ. ಒಬ್ಬ ವೈದ್ಯರು ಗಂಟಲೊಳಗೆ ನೋಡದೆಯೇ ಮಾತ್ರೆ ಬರೆದುಕೊಟ್ಟರು. ಅದನ್ನೂ ನುಂಗಿದೆ. ನಾಲ್ಕು ತಿಂಗಳು ಹಾಗೇ ಪಾಠ ಮಾಡಿದೆ. ದೀಪಾವಳಿ ಹೊತ್ತಿಗೆ ಹಾಜರಿ ಕೂಗುವಾಗ ಅರ್ಧ ಹೆಸರು ಬರುತ್ತಿತ್ತು, ಅರ್ಧ ಗಾಳಿ ಬರುತ್ತಿತ್ತು. ಮಕ್ಕಳು ನನ್ನ ತುಟಿ ನೋಡಿ "ಹಾಜರ್ ಮಿಸ್" ಅನ್ನುತ್ತಿದ್ದವು.

ನಿಮ್ಮಪ್ಪನೇ ಬಲವಂತ ಮಾಡಿ ಮೈಸೂರಿಗೆ ಕರೆದುಕೊಂಡು ಹೋದ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ. ಅಲ್ಲಿನ ಡಾಕ್ಟರು ನೋಡಿ ಹೇಳಿದರು: ಧ್ವನಿ ತಂತುಗಳ ಅಂಚಿನಲ್ಲಿ ಎರಡು ಸಣ್ಣ ಗಂಟು, ಎದುರುಬದುರಾಗಿ. ಗುದ್ದಲಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುವುದಿಲ್ಲವಾ, ಅದೇ ಥರ. ಒಂದಕ್ಕೊಂದು ಜೋರಾಗಿ ಬಡಿದು ಬಡಿದು ಆಗುವುದು.

ಹೆಂಗಸರು ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕೂಡಿ ಬಿಡುತ್ತವೆ. ಇಡೀ ದಿನದಲ್ಲಿ ದನಿ ಹೊರಟ ಹೊತ್ತನ್ನೆಲ್ಲ ಕೂಡಿಸಿ ಒಂದೇ ಗಂಟೆ ಅಂತ ಲೆಕ್ಕ ಹಿಡಿ. ಆಗಲೂ 7,20,000 ಸಲ. ಕೂಗಿದರೆ ಒಂದೊಂದು ಬಡಿತವೂ ಜೋರು. ಇದನ್ನು ಕೇಳಿ ನನಗೆ ಅಳು ಬಂತು. ಮಕ್ಕಳಿಗೆ ಸ್ಲೇಟು ಗಟ್ಟಿಯಾಗಿ ಇಡಬೇಡಿ ಅಂತ ದಿನವೂ ಹೇಳುತ್ತಿದ್ದೆ. ನನ್ನ ಗಂಟಲಿನ ಯೋಚನೆಯೇ ನನಗೆ ಇರಲಿಲ್ಲ.

ಆಪರೇಷನ್ ಅಂತಾರೇನೋ ಅಂತ ಹೆದರಿದ್ದೆ. ಮೊದಲು ಥೆರಪಿ ಮಾಡೋಣ ಅಂದರು. ಥೆರಪಿಸ್ಟ್ ಚಿಕ್ಕ ಹುಡುಗಿ, ಈಗ ನಿನ್ನ ವಯಸ್ಸು ಎಷ್ಟೋ ಅಷ್ಟೇ. ನನ್ನನ್ನು ಎದುರಿಗೆ ಕೂರಿಸಿಕೊಂಡು, "ಮೇಡಂ, ಹಸಿದು ಮನೆಗೆ ಬಂದಿದ್ದೀರ. ಅಡುಗೆಮನೆಯಿಂದ ಹುಳಿಯ ಒಗ್ಗರಣೆ ವಾಸನೆ ಬಂತು. ಬಾಯಿ ತೆರೆಯದೆ ಏನಂತೀರ?" ಅಂದಳು. ನಾನು "ಮ್‌ಮ್‌ಮ್" ಅಂದೆ.

ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ದನಿ ಒಡೆಯದೆ ಬಂತು, ಪುಟ್ಟಿ. ಮೂರು ನಾಲ್ಕು ಸೆಕೆಂಡ್ ಇದ್ದಿರಬಹುದು. ಪಕ್ಕದಲ್ಲಿ ನಿಂತಿದ್ದ ನಿಮ್ಮಪ್ಪ ತಟ್ಟನೆ ತಿರುಗಿ ನೋಡಿದ.

ಬಾಯಿ ಮುಚ್ಚಿದರೆ ಸರಾಗವಾಗಿ ಬರುವ ದನಿ, ತೆರೆದರೆ ಯಾಕೆ ಒಡೆಯುತ್ತದೆ? ಅದನ್ನೂ ಆ ಹುಡುಗಿಯೇ ಹೇಳಿದಳು. ತುಟಿ ಮುಚ್ಚಿದಾಗ ದನಿಗೆ ಮೂಗಿನ ಸಣ್ಣ ದಾರಿ ಒಂದೇ. ಇಕ್ಕಟ್ಟಿನ ದಾರಿಯಾದ್ದರಿಂದ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೂ ಒತ್ತುತ್ತದೆ. ಆ ಒತ್ತಡ ಧ್ವನಿ ತಂತುಗಳಿಗೆ ಮೇಲಿನಿಂದ ಆಸರೆ ಕೊಟ್ಟ ಹಾಗೆ. ಅವು ಜೋರಾಗಿ ಬಡಿದುಕೊಳ್ಳದೆಯೇ ಅದುರುತ್ತವೆ. ಕೆಲಸ ನಡೆಯುತ್ತದೆ, ಪೆಟ್ಟು ಬೀಳುವುದಿಲ್ಲ.

ಈಗ ಮಾಡುವ ಬಗೆ ಹೇಳುತ್ತೇನೆ, ಓದುತ್ತಾ ಮಾಡಿ ನೋಡು. ತುಟಿ ಮೆತ್ತಗೆ ಸೇರಿಸು, ಒತ್ತಬೇಡ. ಒಳಗೆ ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಲಿ, ಬಾಯಲ್ಲಿ ಒಂದು ಸಣ್ಣ ದ್ರಾಕ್ಷಿ ಇಟ್ಟುಕೊಂಡ ಹಾಗೆ. ನಾಲಿಗೆ ಸಡಿಲ. ಭುಜ ಇಳಿಸು. ಉಸಿರು ಹೊಟ್ಟೆಯವರೆಗೂ ಎಳೆದುಕೊಂಡು, ಯಾರೋ ಕರೆದರೆ ಓಗೊಡುವಷ್ಟು ಸಹಜವಾಗಿ "ಹೂಂ..." ಅಂತ ಎಳೆ. ಎತ್ತರದ ಸ್ವರ ಬೇಡ, ತೀರಾ ಕೆಳಗೂ ಬೇಡ. ಎಲ್ಲಿ ಅದುರುತ್ತಿದೆ ಅಂತ ಬೆರಳಿಟ್ಟು ನೋಡು. ತುಟಿ ಮತ್ತು ಮೂಗಿನ ಪಕ್ಕ ಜುಂ ಅನ್ನುತ್ತಿದ್ದರೆ ಸರಿಯಾಗಿದೆ. ಗಂಟಲು ಹಿಂಡಿದ ಹಾಗಿದ್ದರೆ ನಿಲ್ಲಿಸಿ, ಎರಡು ಗುಟುಕು ನೀರು ಕುಡಿದು, ಇನ್ನೂ ಮೆಲ್ಲಗೆ ಶುರು ಮಾಡು. ಜೋರು ಮಾಡಿದರೆ ಏನೂ ಲಾಭ ಇಲ್ಲ.

ಅದು ಹಿಡಿತಕ್ಕೆ ಬಂದ ಮೇಲೆ ಗುನುಗಿನಿಂದ ಮಾತಿಗೆ ದಾಟಬೇಕು. ಮ್‌ಮ್‌ಮ್-ಮ, ಮ್‌ಮ್‌ಮ್-ಮನೆ, ಮ್‌ಮ್‌ಮ್-ಮಳೆ. ತುಟಿಯ ಮೇಲಿನ ಆ ಜುಂ ಶಬ್ದದೊಳಗೂ ಉಳಿಯಬೇಕು. ನನಗೆ ಅಲ್ಲಿ ಒಂದು ಸಾಲು ಕಟ್ಟಿಕೊಟ್ಟಿದ್ದರು: "ನಮ್ಮಮ್ಮ ಮನೆ ಮುಂದೆ ಮಲ್ಲಿಗೆ ಮಾರಿದಳು." ಇಡೀ ಸಾಲಿನಲ್ಲಿ ಮ, ನ ತುಂಬಿವೆ ನೋಡು. ಕ ವರ್ಗದಿಂದ ಪ ವರ್ಗದವರೆಗೆ ಪ್ರತಿ ಸಾಲಿನ ಕೊನೆಗೂ ಒಂದು ಮೂಗಿನ ಅಕ್ಷರ ಇಟ್ಟಿದ್ದಾರಲ್ಲ, ಙ ಞ ಣ ನ ಮ, ಅದನ್ನು ಹನ್ನೊಂದು ವರ್ಷ ಕಲಿಸಿದ್ದೆ. ಅದರಲ್ಲಿ ನನ್ನ ಗಂಟಲಿಗೆ ಮದ್ದಿದೆ ಅಂತ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ, ಶಾಲೆಗೆ ಹೋಗುವ ದಾರಿಯಲ್ಲಿ, ಊಟದ ಬಿಡುವಿನಲ್ಲಿ, ಸಂಜೆ, ಹೀಗೆ ಮಾಡಿದೆ. ಮೂರು ತಿಂಗಳಾದ ಮೇಲೆ ಮತ್ತೆ ಮೈಸೂರಿಗೆ ಹೋದಾಗ ಗಂಟು ಹೆಚ್ಚುಕಡಿಮೆ ಕರಗಿತ್ತು.

ಆ ಮಲ್ಲಿಗೆಯ ಸಾಲು ಹೇಳುವಾಗೆಲ್ಲ ನನಗೆ ನಮ್ಮಮ್ಮನೇ ಕಣ್ಣೆದುರು ಬರುತ್ತಿದ್ದಳು. ನಿನ್ನ ಅಜ್ಜಿ. ನಿನಗೆ ಅವಳು ಹಾಸಿಗೆ ಹಿಡಿದ ಮೇಲಿನದಷ್ಟೇ ನೆನಪಿರಬಹುದು. ಸಂಜೆ ನಾಲ್ಕಕ್ಕೆ ಮೊರದ ತುಂಬ ಮೊಗ್ಗು ಹರಡಿಕೊಂಡು ಜಗಲಿ ಮೇಲೆ ಕೂರುತ್ತಿದ್ದಳು. ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ. ಮುಂದೆ ಬೇಕಾಗುವ ಎಳೆಗಳು ತುಟಿಯ ನಡುವೆ. ಬಾಯಿ ತೆರೆದರೆ ನಾರು ಬೀಳುತ್ತದೆ, ಹಾಗಾಗಿ ಹಾಡುವ ಹಾಗಿಲ್ಲ. ಗುನುಗುತ್ತಿದ್ದಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಗಂಟು ಬಿಗಿಯುವಾಗ ದನಿ ಒಂದು ಚೂರು ನಿಲ್ಲುವುದು, ಮತ್ತೆ ಹೊರಡುವುದು. ಯಾವ ಹಾಡು ಅಂತ ಕೇಳಿದರೆ "ಊಹೂಂ" ಅಂತ ತಲೆ ಆಡಿಸುವಳು. ಯಾವುದೂ ಅಲ್ಲ ಅಂತ. ಒಳಗೆ ಲೆಕ್ಕ ಬಿಡಿಸುತ್ತಿದ್ದ ನಾನು ಆ ದನಿಯಲ್ಲೇ ಅವಳ ಮನಸ್ಸು ತಿಳಿಯುತ್ತಿದ್ದೆ. ಗುನುಗು ನಿಂತಿದ್ದರೆ ಅಪ್ಪನ ಸಂಬಳ ಬಂದಿಲ್ಲ ಅಂತ ಅರ್ಥ. ಆ ಹೊತ್ತಿನಲ್ಲಿ ನಾವ್ಯಾರೂ ಏನೂ ಕೇಳಲು ಹೋಗುತ್ತಿರಲಿಲ್ಲ.

ನಮ್ಮ ಮಾತಿನಲ್ಲಂತೂ ಅರ್ಧ ಸಂಸಾರ ಬಾಯಿ ಮುಚ್ಚಿಯೇ ನಡೆಯುತ್ತದೆ. "ಹೂಂ" ಅಂದರೆ ಆಯಿತು. "ಊಹೂಂ" ಅಂದರೆ ಇಲ್ಲ. ಅದೇ ಹೂಂ ಕೊನೆಗೆ ಮೇಲಕ್ಕೆದ್ದರೆ ಪ್ರಶ್ನೆ. ಎಳೆದು ಕೆಳಗಿಳಿಸಿದರೆ ಬೇಜಾರು. ಒಂದೇ ದನಿ, ಏರಿಳಿತದಲ್ಲೇ ಎಲ್ಲ.

ಇನ್ನೊಂದು ವಿಷಯ ಬರೆಯಬೇಕು. ಇದನ್ನು ಬರೆಯುವುದು ನನಗೆ ಕಷ್ಟ.

ನೀನು ಚಿಕ್ಕವಳಿದ್ದಾಗ ಊಟ ಮಾಡುವಾಗ ಗುಂಯ್ ಅಂತ ಗುನುಗುತ್ತಿದ್ದೆ. ಮೊಸರನ್ನ ಬಂತೆಂದರೆ ಶುರು. ರಜೆಗೆ ನಮ್ಮ ಮನೆಗೆ ಬಂದಾಗ, ನೆಂಟರೆಲ್ಲ ಸಾಲಾಗಿ ಕೂತಿದ್ದಾಗ, ನಾನು "ಅನ್ನದ ಮುಂದೆ ಏನದು ದರಿದ್ರದ ಹಾಗೆ, ಮುಚ್ಚು ಬಾಯಿ" ಅಂತ ಗದರಿದೆ. ನಿನ್ನ ಬಾಯಿ ಮುಚ್ಚಿಯೇ ಇತ್ತು. ನೀನು ತಲೆ ತಗ್ಗಿಸಿ ಊಟ ಮುಗಿಸಿದೆ. ಆಮೇಲೆ ಆ ದನಿ ಮನೆಯಲ್ಲಿ ನನಗೆ ಕೇಳಿಸಲೇ ಇಲ್ಲ. ನನ್ನ ಗಂಟಲು ಉಳಿಸಿದ್ದು ಇದೇ ಗುನುಗು ಅಂತ ಗೊತ್ತಿದ್ದೂ ನಿನಗೆ ಹಾಗೆ ಅಂದೆ. ನೆಂಟರ ಮುಂದೆ ಮರ್ಯಾದೆ ಅಂತ ಯೋಚಿಸಿದೆ, ಮಗು ಸಂತೋಷವಾಗಿದೆ ಅಂತ ಯೋಚಿಸಲಿಲ್ಲ. ತಪ್ಪಾಯಿತು, ಪುಟ್ಟಿ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಈಗ ಅದೇ ಅತ್ತೆ ಹೇಳುತ್ತಿದ್ದೇನೆ, ಮೊಸರನ್ನ ಕಲಸುತ್ತಾ ಗುನುಗು.

ತರಗತಿಯ ವಿಷಯಕ್ಕೆ ಬರುತ್ತೇನೆ. ಥೆರಪಿ ನಡೆಯುತ್ತಿದ್ದಾಗ ಗಟ್ಟಿಯಾಗಿ ಮಾತಾಡಬಾರದು ಅಂತ ಹೇಳಿದ್ದರು. ಒಂದು ಮಧ್ಯಾಹ್ನ ಜೋರು ಮಳೆ. ಶೀಟಿನ ಮೇಲೆ ಹನಿ ಬಿದ್ದರೆ ಗೊತ್ತಲ್ಲ, ಕೂಗಿದರೂ ಯಾರಿಗೂ ಕೇಳುವುದಿಲ್ಲ. ನಲವತ್ತು ಮಕ್ಕಳ ಗಲಾಟೆ ಬೇರೆ. ನಾನು ಮಧ್ಯಕ್ಕೆ ಹೋಗಿ ನೆಲದ ಮೇಲೆ ಕೂತು, ಹಿಂದಿನ ದಿನ ಕಲಿಸಿದ ಪದ್ಯದ ರಾಗವನ್ನು ಗುನುಗಿದೆ. ಹತ್ತಿರದ ನಾಲ್ಕು ಮಕ್ಕಳು ಬಗ್ಗಿ ಕೇಳಿದವು. ಯಾವ ಪದ್ಯ ಅಂತ ಸ್ಲೇಟಿನ ಮೇಲೆ ಬರೆಯಿರಿ ಅಂತ ಸನ್ನೆ ಮಾಡಿದೆ. ಹಿಂದಿನವು ತೆವಳಿಕೊಂಡು ಮುಂದೆ ಬಂದವು. ಆಮೇಲೆ ಎಲ್ಲರಿಗೂ ಬಾಯಿ ಮುಚ್ಚಿ ಗುನುಗಲು ಹೇಳಿದೆ. ಗುನುಗುವ ಮಗು ಅದೇ ಹೊತ್ತಿಗೆ ಕಿರುಚಲು ಆಗುವುದಿಲ್ಲ. ಇದು ಎಷ್ಟು ಸುಲಭದ ಉಪಾಯ ಅಂತ ನೀನೇ ಮಾಡಿ ನೋಡು.

ಅವತ್ತೇ ಒಬ್ಬ ಹುಡುಗ ಪಕ್ಕದವನ ಮೂಗು ಹಿಡಿದ. ಗುನುಗು ಗಕ್ಕನೆ ನಿಂತಿತು. ಇಬ್ಬರೂ ಕಣ್ಣರಳಿಸಿ ನನ್ನನ್ನು ನೋಡಿದರು. ನಾನು ಬೈಯಲಿಲ್ಲ, ಎಲ್ಲರಿಗೂ ಮೂಗು ಹಿಡಿದುಕೊಳ್ಳಲು ಹೇಳಿದೆ. ದನಿ ಬರುವುದು ಮೂಗಿನಿಂದ ಅಂತ ಪಾಠ ಮಾಡದೆಯೇ ಕಲಿತರು. ಆಮೇಲೆ ಎರಡೂ ಕಿವಿ ಮುಚ್ಚಿ ಗುನುಗಿಸಿದೆ. ಮೂಳೆಯ ಮೂಲಕ ಒಳಗಿನಿಂದ ಬರುವ ದನಿಗೆ ಕಿವಿಯಿಂದ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅದಕ್ಕೇ ಜೋರಾಗಿ ಕೇಳುತ್ತದೆ. "ಮಿಸ್, ತಲೆಯೊಳಗೆ ಜೇನು ಬಂತು" ಅಂದಳು ಒಬ್ಬಳು. ಯೋಗ ಮಾಡುವವರು ಭ್ರಾಮರಿ ಅಂತ ಹೆಸರಿಟ್ಟದ್ದೂ ಅದಕ್ಕೇ ಅಲ್ವಾ, ಭ್ರಮರ ಅಂದರೆ ದುಂಬಿ.

ಗುನುಗಿದರೆ ಸೈನಸ್ ಹೋಗುತ್ತದೆ, ಎಲ್ಲ ರೋಗ ವಾಸಿ ಅಂತ ಮೊಬೈಲಿನಲ್ಲಿ ಬರುವುದನ್ನೆಲ್ಲ ನಂಬಬೇಡ. ಅದರ ಹಿಂದೆ ಇರುವ ನಿಜ ಇಷ್ಟು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಅಳೆದು ನೋಡಿದರು. ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುನುಗುತ್ತಾ ಬಿಟ್ಟಾಗ ಮೂಗಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಜಾಸ್ತಿ ಇತ್ತು. ಮುಖದ ಮೂಳೆಯೊಳಗಿನ ಸೈನಸ್ ಗೂಡುಗಳಲ್ಲಿ ಆ ಅನಿಲ ತಯಾರಾಗುತ್ತದೆ. ಗುನುಗಿನ ಅದುರಿಗೆ ಅಲ್ಲಿನ ಗಾಳಿ ಬೇಗ ಅದಲುಬದಲಾಗುತ್ತದೆ. ಸೈನಸ್ಸಿನ ಬಾಯಿ ಕಟ್ಟಿಕೊಂಡವರಲ್ಲಿ ಆ ಏರಿಕೆ ಕಾಣಿಸಲಿಲ್ಲ. ಇಷ್ಟು ಮಾತ್ರಕ್ಕೆ ಇದು ಔಷಧಿ ಆಗಲಿಲ್ಲ, ತಿಳೀತಾ?

ನಿನಗೂ ಅದೇ ಮಾತು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ನನ್ನ ಗುನುಗನ್ನು ನಂಬಿ ಕೂರಬೇಡ. ನುಂಗಲು ಕಷ್ಟ ಆದರೆ, ರಕ್ತ ಕಾಣಿಸಿದರೆ, ಉಸಿರು ಕಟ್ಟಿದರೆ, ಮೂರು ವಾರವೂ ಕಾಯಬೇಡ. ಇಎನ್‌ಟಿ ಡಾಕ್ಟರಿಗೆ ತೋರಿಸು. ಗಂಟಲೊಳಗೆ ನೋಡಿ ಅಂತ ನೀನೇ ಬಾಯಿ ಬಿಟ್ಟು ಕೇಳು. ನಾನು ಕೇಳದೆ ನಾಲ್ಕು ತಿಂಗಳು ಕಳೆದುಕೊಂಡೆ.

ನೀರು ಮೇಜಿನ ಮೇಲೇ ಇರಲಿ, ಬ್ಯಾಗಿನಲ್ಲಿದ್ದರೆ ಕುಡಿಯಲು ನೆನಪಾಗುವುದಿಲ್ಲ. ಹಿಂದಿನ ಬೆಂಚಿಗೆ ಕೂಗಬೇಡ, ನಡೆದು ಹೋಗು. ಗಂಟಲು ಕೆರೆದುಕೊಂಡು ಸರಿಮಾಡುವ ಅಭ್ಯಾಸ ಬಿಡು, ಅದರ ಬದಲು ಒಂದು ಗುಟುಕು ನೀರು ಕುಡಿ.

ಚಕ್ಕುಲಿ, ಚಟ್ನಿಪುಡಿ ಡಬ್ಬದಲ್ಲಿ ಹಾಕಿ ಇಟ್ಟಿದ್ದೇನೆ. ಮುಂದಿನ ವಾರ ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ.

ಭಾನುವಾರ ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡುತ್ತೇನೆ. ನೀನು ಮಾತಾಡುವ ಹಾಗಿಲ್ಲ. ಚಿಕ್ಕವಳಿದ್ದಾಗ ಕಥೆ ಹೇಳುವಾಗ ನೀನು ಹೂಂಗುಟ್ಟದಿದ್ದರೆ ನಾನು ಕಥೆ ನಿಲ್ಲಿಸುತ್ತಿದ್ದೆ, ನೆನಪಿದೆಯಾ? ಏಳು ಸಮುದ್ರ ದಾಟಿದ ಹುಡುಗಿಯ ಕಥೆ ಮೂರನೇ ಸಮುದ್ರದಲ್ಲೇ ನಿಂತುಹೋಗಿತ್ತು, ನೀನು ನಿದ್ದೆ ಹೋಗಿದ್ದೆ. ಅಲ್ಲಿಂದ ಮುಂದೆ ಹೇಳುತ್ತೇನೆ. ನೀನು ಹೂಂಗುಟ್ಟು.

ಇಂತಿ ನಿನ್ನ ಪ್ರೀತಿಯ
ಅತ್ತೆ