ಮಾರಬೇಕಂದ್ರೂ ಮೊದ್ಲು ಒಣಗಿಸ್ಬೇಕು

ಕಳೆದ ಶನಿವಾರ ಸಂಜೆ ನಾಲ್ಕಕ್ಕೆ, ಮಕ್ಕಳು ಓದೋಕೆ, ಮನೆಗೆ ಒಯ್ಯೋಕೆ ಬರುವ ನಮ್ಮ ಮಹಡಿಯ ಪುಸ್ತಕದ ಕೋಣೆಯ ಬಾಗಿಲು ಮತ್ತೆ ತೆಗೆದೆವು. ಐದು ವಾರ ಮುಚ್ಚಿತ್ತು. ಇದೇ ನವೆಂಬರಿಗೆ ಕೋಣೆ ಶುರುವಾಗಿ 10 ವರ್ಷ. ಏನಾದರೂ ಕಾರ್ಯಕ್ರಮ ಮಾಡಬೇಕು, ಶಾಮಿಯಾನ ಹಾಕಿಸಬೇಕು ಅಂತೆಲ್ಲ ಬೇಸಿಗೆಯಲ್ಲಿ ಮಾತಾಡಿಕೊಂಡಿದ್ದೆವು. ಈಗ ಬಾಗಿಲು ತೆಗೆದದ್ದೇ ಕಾರ್ಯಕ್ರಮ. ಬಂದ ಮಕ್ಕಳಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಟ್ಟೆವು. ದಾವಣಗೆರೆಯಲ್ಲಿ ಇನ್ನೇನು ಕೊಡ್ತಾರೆ?

ಅಕ್ಟೋಬರಿನ ಆ ಮಳೆಯ ರಾತ್ರಿ ಕೋಣೆಗೆ ನೀರು ನುಗ್ಗಿ ಪುಸ್ತಕ ನೆಂದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಫೋಟೋನೂ ನೋಡಿದ್ದೀರಿ. ಅದನ್ನೇ ಮತ್ತೆ ಹೇಳೋದಿಲ್ಲ. ಥ್ಯಾಂಕ್ಸ್ ಹೇಳೋಕೆ ಕೂತಿದ್ದೇನೆ.

ಮೊದಲು ಎಲ್ಲರಿಗೂ ಸೇರಿಸಿ ಒಂದೇ ನಮಸ್ಕಾರ. ಹಳೇ ಪೇಪರ್ ಹೊತ್ತು ತಂದವರು, ಮನೆಯ ಟೇಬಲ್ ಫ್ಯಾನ್ ಬಿಟ್ಟು ಹೋದವರು, ಖಾಲಿ ನ್ಯೂಸ್‌ಪ್ರಿಂಟ್ ಬಂಡಲ್ಲನ್ನೇ ಆಟೋದಲ್ಲಿ ಕಳಿಸಿದ ಪ್ರೆಸ್ಸಿನವರು, ಹರಿಹರದ ಗೆಳತಿ, ಚನ್ನಗಿರಿ ಮತ್ತು ಜಗಳೂರು ಕಡೆಯ ಮೇಷ್ಟ್ರುಗಳು, ರಾತ್ರಿ ಬಸ್ಸಲ್ಲಿ ಬೆಂಗಳೂರಿನಿಂದ ಓಡಿ ಬಂದ ನಮ್ಮ ಮನೆಯವರು. ಒಬ್ಬೊಬ್ಬರ ಬಗ್ಗೆಯೂ ಬರೆಯಬೇಕು. ಬರೆಯಲ್ಲ, ಬೇಜಾರು ಮಾಡ್ಕೋಬೇಡಿ. ಈ ಬರಹ ಕೆಳಗಿನ ಮನೆಯ ಅಜ್ಜಾರಿಗೆ.

ಅವರ ಹೆಸರು ಹಾಕುತ್ತಿಲ್ಲ. ಹಾಕಿದರೆ ಮನೆ ಖಾಲಿ ಮಾಡ್ತೀನಿ ಅಂತ ಹೆದರಿಸಿದ್ದಾರೆ. ಮಂಡಿಪೇಟೆಯ ಒಂದು ಅಂಗಡಿಯಲ್ಲಿ 38 ವರ್ಷ ಗುಮಾಸ್ತರಾಗಿದ್ದವರು. ದಿನದ ಲೆಕ್ಕದ ಕಿರ್ದಿ, ಖಾತೆ ಬರೆದೇ ಬೆನ್ನು ಬಾಗಿದೆ. ಕಥೆ ಪುಸ್ತಕ ಅಂದರೆ ಅವರ ಲೆಕ್ಕದಲ್ಲಿ ಖರ್ಚಿನ ಬಾಬ್ತು. "ಟೀಚರಮ್ಮಾ, ಈ ನರಿ ಕಥೆ ಓದಿ ಯಾವ ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗ್ಯಾನ್ರಿ?" ಅಂತ ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಿದ್ದರು. ನಾನು ಟೀಚರ್ ಅಲ್ಲ ಅಜ್ಜಾರೆ, ಮಕ್ಕಳಿಗೆ ಬರೆಯುವವಳು ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ನಮ್ಮಿಬ್ಬರ ನಿಜವಾದ ಜಗಳ ಚಪ್ಪಲಿಯದು. ಶನಿವಾರ ಬರುವ ಮಕ್ಕಳು ಮೆಟ್ಟಿಲ ಮೇಲೆಯೇ ಚಪ್ಪಲಿ ಬಿಟ್ಟು ಓಡಿ ಬರುತ್ತವೆ. ಅಜ್ಜಿ ಒಮ್ಮೆ ಎಡವಿದ್ದರು. "ಇವತ್ತು 85 ಚಪ್ಪಲಿ, ಅದರಾಗ ಒಂದು ಒಂಟಿ" ಅಂತ ಕೆಳಗಿನಿಂದ ಕೂಗಿ ಹೇಳೋರು. ಎಣಿಸದೇ ಬೈದವರಲ್ಲ.

ಆ ರಾತ್ರಿ ಹನ್ನೊಂದೂವರೆಗೆ ಅವರು ಮೇಲೆ ಬಂದದ್ದೂ ಜಗಳಕ್ಕೇ. ಮೆಟ್ಟಿಲ ಮೇಲಿಂದ ನೀರು ಇಳಿದು ಅವರ ಹೊಸ್ತಿಲು ಮುಟ್ಟಿತ್ತು. ತಾರಸಿಯ ಪೈಪಿನ ಬಾಯಿ ಕಟ್ಟಿಕೊಂಡಿದೆ, ಚಿತ್ತಾ ಮಳೆ ಹಿಡಿಯೋದ್ರೊಳಗೆ ತೆಗೆಸಿ ಅಂತ ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು "ಆಯ್ತು ಅಜ್ಜಾರೆ, ನಾಳೆ" ಅಂದಿದ್ದೆ. ಮಳೆಯನ್ನು ಬೈದುಕೊಂಡು ಓಡಾಡಿದೆನಲ್ಲ ಒಂದು ವಾರ, ಇದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ನನ್ನದೇ.

"ಹೇಳಿದ್ನೋ ಇಲ್ಲೋ" ಅನ್ನೋಕೆ ಬಾಯಿ ತೆರೆದವರು ಕೋಣೆಯೊಳಗೆ ಟಾರ್ಚ್ ಬಿಟ್ಟರು. ಕರೆಂಟ್ ಇರಲಿಲ್ಲ. ಮೊಣಕಾಲ ಕೆಳಗಿನವರೆಗೆ ನೀರು. ಅದರ ಮೇಲೆ ಒಂದು ಆನೆ, ಒಂದು ರೈಲು, ಹಳದಿ ಬಣ್ಣದ ಒಂದು ಬಸ್ಸು ತೇಲುತ್ತಿದ್ದವು, ರಟ್ಟಿನ ಮೇಲಿನ ಚಿತ್ರಗಳು. ಅಜ್ಜಾರು ಮಾತಾಡಲಿಲ್ಲ. ಪಂಚೆ ಎತ್ತಿ ಕಟ್ಟಿ ಮಳೆಯಲ್ಲೇ ತಾರಸಿಗೆ ಹೋದರು. ಪೈಪಿನೊಳಗೆ ತೋಳಿನತನಕ ಕೈ ಹಾಕಿ ಹೊಂಗೆ ಎಲೆಯ ಮುದ್ದೆ ಎಳೆದರು. ಅದರ ನಡುವೆ ಒಂದು ಹಾಲಿನ ಕವರ್. ಗುಳುಗುಳು ಅಂತ ನೀರು ಇಳಿಯತೊಡಗಿತು. ಆಮೇಲೆ ಒಳಗೆ ಬಂದವರು ಬೆಳಗಿನ ಆರರವರೆಗೆ ಕೆಳಗೆ ಹೋಗಲಿಲ್ಲ.

ಅವರಿಗೆ ಈ ಕೆಲಸ ಗೊತ್ತಿತ್ತು. ಹಿಂದೆ ಒಮ್ಮೆ ಮಂಡಿಯ ಗೋದಾಮಿಗೆ ನೀರು ನುಗ್ಗಿ ಇಡೀ ವರ್ಷದ ಖಾತೆ ಪುಸ್ತಕ ನೆಂದಿದ್ದವಂತೆ. ಊರ ಬಾಕಿಯೆಲ್ಲ ಅದರಲ್ಲೇ. ಆಗ ಕಲಿತದ್ದು. ನಾನು ಅವಸರದಲ್ಲಿ ಪುಸ್ತಕ ಬಿಡಿಸಲು ಹೋದಾಗ "ಎಳೀಬ್ಯಾಡ್ರಿ, ಹರೀತತಿ" ಅಂತ ಕೈ ತಡೆದರು. ಪುಸ್ತಕವನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಬಾರದು, ಒತ್ತಿ ನೀರು ಇಳಿಸಬೇಕು. ನಾಲ್ಕೈದು ಹಾಳೆಗೆ ಒಂದರಂತೆ ಪೇಪರ್ ಇಡಬೇಕು, ಅದು ನೆಂದ ಕೂಡಲೇ ಬದಲಿಸಬೇಕು. ಆಮೇಲೆ ಬೀಸಣಿಗೆ ಬಿಚ್ಚಿದಂತೆ ಹಾಳೆ ಬಿಡಿಸಿ ನಿಲ್ಲಿಸಬೇಕು. ಬೆಳಗಾದ ಮೇಲೆ ಬಿಸಿಲಿಗೆ ಹಾಕೋಣ ಅಂದರೆ ಅದಕ್ಕೂ ಬೇಡ. ಸೊಟ್ಟಗಾಗುತ್ತೆ, ಗಾಳಿ ಸಾಕು. ಎರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಬರುತ್ತೆ, ಅಷ್ಟರೊಳಗೆ ಮುಗಿಸಬೇಕು.

ಅವರಿಗೆ ಗೊತ್ತಿಲ್ಲದ್ದು ಒಂದೇ, ಆರ್ಟ್ ಪೇಪರ್. ಖಾತೆ ಪುಸ್ತಕದ ಕಾಗದ ನೀರು ಕುಡಿದರೂ ಬಿಟ್ಟುಕೊಳ್ಳುತ್ತೆ. ಮಕ್ಕಳ ಬಣ್ಣದ ಪುಸ್ತಕ ಹಾಗಲ್ಲ. ಹೊಳಪಿಗೆ ಅಂತ ಕಾಗದಕ್ಕೆ ಬಿಳಿ ಜೇಡಿಯ ಲೇಪ ಕೊಟ್ಟಿರುತ್ತಾರೆ. ನೆಂದು ಒಣಗಿದರೆ ಹಾಳೆಗೆ ಹಾಳೆ ಗೋಂದು ಹಚ್ಚಿದಂತೆ ಕೂರುತ್ತೆ. 16 ಪುಟದ ಪುಸ್ತಕ ಒಂದೇ ರಟ್ಟಾಗಿಬಿಡುತ್ತೆ. ಹಸಿ ಇರುವಾಗಲೇ ಒಂದೊಂದೇ ಹಾಳೆ ಬಿಡಿಸಬೇಕು, ಬೇರೆ ದಾರಿಯಿಲ್ಲ. ಅಜ್ಜಾರು ಎಡಗೈ ಉಗುರನ್ನು ಮೂಲೆಗೆ ಕೊಟ್ಟು, ಉಸಿರು ಬಿಗಿ ಹಿಡಿದು, ಮೆಲ್ಲಗೆ ಮೆಲ್ಲಗೆ ಬಿಡಿಸುತ್ತಿದ್ದರು. ನೋಟಿನ ಕಟ್ಟು ಎಣಿಸಿದ ಬೆರಳು. ನನ್ನ ಕೈಯಲ್ಲಿ ಮೂರು ಹರಿಯುವಷ್ಟರಲ್ಲಿ ಅವರ ಕೈಯಲ್ಲಿ ಹತ್ತು ಉಳಿದವು.

ಮೂರು ಗಂಟೆ ಹೊತ್ತಿಗೆ ನಾನು ಕೂತುಬಿಟ್ಟೆ. ನೀರಲ್ಲೇ ಕೂತೆ. ಕೈಯಲ್ಲಿದ್ದದ್ದು ಆ ಮಿರ್ಚಿ ಎಣ್ಣೆಯ ಪುಸ್ತಕ. ಕೋಣೆಗೆ ಬರುವವರಿಗೆ ಅದು ಗೊತ್ತು, ಪ್ರತಿ ಪುಟಕ್ಕೂ ಯಾವುದೋ ಮಗುವಿನ ಬೆರಳಿನ ಎಣ್ಣೆ ಕಲೆ. ಅಷ್ಟು ಓದಿಸಿಕೊಂಡದ್ದು ಅದೊಂದೇ. ಅದು ಪೂರ್ತಿ ಮುದ್ದೆಯಾಗಿತ್ತು. ಅತ್ತುಬಿಟ್ಟೆ. ಅದು ನಿಮಗೆ ಗೊತ್ತಿರಬಹುದು, ನಾನು ಎಲ್ಲರ ಮುಂದೆಯೂ ಅಳುವವಳೇ. ಗೊತ್ತಿಲ್ಲದ್ದು ಇನ್ನೊಂದಿದೆ. ಅಳುವಿನ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು. ಮುಗೀತಲ್ಲ, ಇನ್ನು ಸಾಕು ಅಂತ. ಹತ್ತು ವರ್ಷ ಸ್ಕೂಟಿಯ ಮುಂದೆ ಪುಸ್ತಕದ ಚೀಲ ಇಟ್ಟುಕೊಂಡು ಶಾಲೆ ಶಾಲೆ ತಿರುಗಿದ್ದು, ಆಫೀಸ್ ರೂಮಿನ ಬೆಂಚಿನ ಮೇಲೆ ಕಾದದ್ದು, "ಸಿಲಬಸ್ ಮುಗಿದಿಲ್ಲ, ಮುಂದಿನ ತಿಂಗಳು ಬನ್ನಿ" ಅನ್ನಿಸಿಕೊಂಡದ್ದು, ಎಲ್ಲ ಈ ನೀರಲ್ಲಿ ಹೋಗಲಿ ಅನ್ನಿಸಿತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ಸಾಕು ಅಜ್ಜಾರೆ. ನಾಳೆ ಎಲ್ಲಾ ರದ್ದಿಗೆ ಹಾಕ್ತೀನಿ."

ಅವರು ತಲೆ ಎತ್ತಲಿಲ್ಲ. "ಹಸಿ ಪೇಪರ್ ಯಾವ ರದ್ದಿಯವನೂ ತಗಳಲ್ರಿ. ಮಾರಬೇಕಂದ್ರೂ ಮೊದ್ಲು ಒಣಗಿಸ್ಬೇಕು" ಅಂದರು. ಅಷ್ಟೇ. ಧೈರ್ಯ ಹೇಳಲಿಲ್ಲ, ಮಕ್ಕಳ ಭವಿಷ್ಯ ಅನ್ನಲಿಲ್ಲ. ಅಂದಿದ್ದರೆ ನಾನು ಖಂಡಿತ ಎದ್ದು ಹೋಗಿ ಮಲಗುತ್ತಿದ್ದೆ. ಲೆಕ್ಕದ ಮಾತಾಡಿದರು, ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮತ್ತೆ ಪೇಪರ್ ಕೈಗೆ ತಗೊಂಡೆ. ಆರಕ್ಕೆ ಅಜ್ಜಿ ಚಹಾ ತಂದಾಗ ಅಜ್ಜಾರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬಸಿ ಹಿಡಿಯೋಕೆ ಆಗದೆ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು.

ಮಾರನೇ ದಿನದಿಂದ ಅವರ ಲೆಕ್ಕ ಶುರುವಾಯಿತು. ನೆಂದದ್ದು 306. ಉಳಿದದ್ದು 265. ಹೋದದ್ದು 41. ಪಿನ್ ಹೊಡೆದ ಪುಸ್ತಕಗಳ ಪಿನ್ ತುಕ್ಕು ಹಿಡಿದು ಕಾಗದ ಕೆಂಪಾಗುವ ಮುಂಚೆ ಒಂದೊಂದನ್ನೇ ಕಿತ್ತು, ಅದೇ ತೂತಿನಲ್ಲಿ ದಾರ ಹಾಕಿ ಹೊಲಿದರು. ಈಗ ಕೋಣೆಯಲ್ಲಿ ಖಾತೆ ಪುಸ್ತಕದ ಹೊಲಿಗೆ ಇರುವ ನರಿ, ಕೋತಿ, ಚಂದಮಾಮ ಎಲ್ಲ ಇವೆ.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ರಿಜಿಸ್ಟರ್ ಬಗ್ಗೆ. ಯಾವ ಮಗು ಯಾವ ಪುಸ್ತಕ ಮನೆಗೆ ಒಯ್ದಿದೆ ಅಂತ ಮಕ್ಕಳೇ ಬರೆಯುವ ಪುಸ್ತಕ ಅದು, ಕೆಳಗಿನ ಗೂಡಲ್ಲೇ ಇತ್ತು. ಬಾಲ್ ಪೆನ್ನಲ್ಲಿ ಬರೆದ ಸಾಲು ಹಾಗೇ ಇವೆ. ಜೆಲ್ ಪೆನ್ನಲ್ಲಿ ಬರೆದದ್ದೆಲ್ಲ ನೀಲಿ ನೇರಳೆ ಮೋಡ. ಈಗಿನ ಮಕ್ಕಳು ಬರೆಯೋದೇ ಜೆಲ್ ಪೆನ್ನಲ್ಲಿ ಅಲ್ವಾ? ಅಜ್ಜಾರು ತಲೆ ಚಚ್ಚಿಕೊಂಡರು. "ಕಿರ್ದೀನ ಯಾರಾದ್ರೂ ಇಂಥ ಪೆನ್ನಾಗ ಬರೀತಾರೇನ್ರಿ?" ಪುಸ್ತಕ ಕೊಂಡ ಬಿಲ್ಲುಗಳನ್ನೆಲ್ಲ ತರಿಸಿಕೊಂಡು ಕೂಡಿದರು. ಒಟ್ಟು 930. ಕೋಣೆಯಲ್ಲಿ ಇದ್ದದ್ದು 812. ಹಾಗಾದರೆ 118 ಪುಸ್ತಕ ಆ ರಾತ್ರಿ ಮಕ್ಕಳ ಮನೆಯಲ್ಲಿದ್ದವು.

ಆ 118ಕ್ಕೆ ಒಂದು ಹನಿ ನೀರೂ ತಾಗಿಲ್ಲ ಅಂತ ಹೊಳೆಯೋಕೆ ನನಗೆ ಒಂದು ದಿನ ಬೇಕಾಯಿತು. ಜಗಳೂರು ಕಡೆಯ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನೋಡೋಕೆ ಬಂದಿದ್ದರು. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಓದಿಗೆ ಅಂತ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಊರಿನ ಮಕ್ಕಳಿಗೆಲ್ಲ ಸದಸ್ಯತ್ವ ಫ್ರೀ, ಅವರಿಗೂ ಪುಸ್ತಕ ಹೊರಗೆ ಕೊಟ್ಟು ವಾಪಸ್ ಪಡೆಯೋದೇ ದಿನದ ಕೆಲಸ. ಅವರೇ ಹೇಳಿದರು: ಗ್ರಂಥಾಲಯ ವಿಜ್ಞಾನದ ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರೋದು ಬಳಸೋಕೆ ಅನ್ನೋದು. ಅಜ್ಜಾರು ಕೇಳಿಸಿಕೊಂಡು "ಬಳಸಲಿ. ವಾಪಸ್ ಬರೋ ಲೆಕ್ಕಕ್ಕೆ ಸೂತ್ರ ಐತೇನು?" ಅಂದರು. ಆಯಮ್ಮ ನಕ್ಕು ಸುಮ್ಮನಾದರು.

ಬಂದವು. ರಿಜಿಸ್ಟರ್ ಹೋಗಿದೆ ಅಂತ ಮಕ್ಕಳಿಗೆ ಗೊತ್ತಾದ ಮೇಲೂ ಬಂದವು. ಒಬ್ಬ ಹುಡುಗ ತನ್ನದರ ಜೊತೆ, ಊರು ಬಿಟ್ಟು ಹೋದ ಗೆಳೆಯನ ಮನೆಯಲ್ಲಿ ಉಳಿದಿದ್ದನ್ನೂ ತಂದ. ಇವತ್ತಿಗೆ 109 ಬಂದಿವೆ. ಉಳಿದ ಒಂಬತ್ತನ್ನು ನಾನು ಕಳೆದದ್ದು ಅಂತ ಬರೆಯಲು ಹೋದಾಗ ಅಜ್ಜಾರು ಬಿಡಲಿಲ್ಲ. ಬಾಕಿ ಅಂತ ಬರೆಸಿದರು. ನಷ್ಟ ಬೇರೆ, ಬಾಕಿ ಬೇರೆಯಂತೆ.

ಹೊಸ ರಿಜಿಸ್ಟರ್ ಶುರುವಾದದ್ದು ಬಲಿಪಾಡ್ಯಮಿಯಂದು. ಅಂಗಡಿಯವರು ಹೊಸ ಖಾತೆ ತೆಗೆಯುವ ಹಾಗೆ ಮೊದಲ ಹಾಳೆಗೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಶ್ರೀ ಬರೆದು, ಗೆರೆ ಎಳೆದು ಕೊಟ್ಟರು. ಪೆನ್ನಿಗೆ ದಾರ ಕಟ್ಟಿ ರಿಜಿಸ್ಟರಿಗೇ ಬಿಗಿದಿದ್ದಾರೆ. ಬಾಲ್ ಪೆನ್.

ಕಪಾಟಿನ ವಿಷಯಕ್ಕೆ ಮಾತ್ರ ನಮಗೆ ಮತ್ತೆ ಜಗಳ ಆಯಿತು. ಎಲ್ಲವನ್ನೂ ಮೇಲಕ್ಕೆ ಏರಿಸಿ ಅಂದರು. ನಾನು ಬರೆದ ಆರು ಪುಸ್ತಕಗಳು ಮೇಲಿನ ಗೂಡಲ್ಲಿದ್ದವು, ಅವಕ್ಕೆ ಏನೂ ಆಗಿರಲಿಲ್ಲ. (ಹತ್ತು ವರ್ಷದಲ್ಲಿ ಅವನ್ನು ಕೆಳಗಿಳಿಸಿ ಎಂದು ಯಾವ ಮಗುವೂ ಕೇಳಿಲ್ಲ. ಇರಲಿ.) ನೆಂದದ್ದೆಲ್ಲ ಕೆಳಗಿನ ಎರಡು ಗೂಡಿನವು, ಅಂದರೆ ಒಂದನೇ ಎರಡನೇ ಕ್ಲಾಸಿನ ಮಕ್ಕಳ ಕೈಗೆ ಎಟುಕುವವು. ಕೈಗೆ ಎಟುಕದ ಪುಸ್ತಕವನ್ನು ಆ ವಯಸ್ಸಿನ ಮಗು ಕೇಳಿ ತಗೊಳ್ಳಲ್ಲ. ಕೊಡಿ ಅನ್ನೋಕೆ ನಾಚಿಕೆ, ಸುಮ್ನೆ ನೋಡಿ ಹೋಗುತ್ತೆ. ಅದಕ್ಕೇ ಒಪ್ಪಲಿಲ್ಲ. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಗಾರೆಯವನನ್ನು ಕರೆದುಕೊಂಡು ಬಂದು ಕಪಾಟುಗಳ ಕೆಳಗೆ ಎರಡೆರಡು ಇಟ್ಟಿಗೆ ಕೊಡಿಸಿದರು, ಬಾಗಿಲಿಗೆ ಅಡ್ಡ ಒಂದು ಸಣ್ಣ ಕಟ್ಟೆ ಕಟ್ಟಿಸಿದರು, ಪೈಪಿನ ಬಾಯಿಗೆ ಜಾಲರಿ ಹಾಕಿಸಿದರು. ದುಡ್ಡು ಕೊಡಲು ಹೋದರೆ ಬಾಡಿಗೆಯಲ್ಲಿ ಮುರ್ಕೊಂಡಿದ್ದೀನಿ ಅಂದರು. ನಿಜವಾಗಿಯೂ ಮುರಿದುಕೊಂಡಿದ್ದಾರೆ, ಚೀಟಿ ಸಮೇತ.

ಅಜ್ಜಾರೆ, ನೀವು ಇದನ್ನು ಓದಲ್ಲ, ಅಜ್ಜಿ ಓದಿ ಹೇಳ್ತಾರೆ. ಆ ರಾತ್ರಿ ನಾನು ಬಿಡೋಕೆ ಹೊರಟಿದ್ದೆ ಅಂತ ನಿಮಗೆ ಗೊತ್ತಿತ್ತು. ಇವತ್ತಿನವರೆಗೂ ಒಂದು ಸಲವೂ ಅದನ್ನು ಎತ್ತಿಲ್ಲ ನೀವು. ಅದಕ್ಕೆ ನಮಸ್ಕಾರ.

ಉಳಿದವರಿಗೆ: ಹೋದ 41ರ ಜಾಗಕ್ಕೆ ಪುಸ್ತಕ ಕೊಡ್ತೀವಿ ಅಂತ ತುಂಬಾ ಜನ ಕೇಳಿದ್ದೀರಿ. ಕೊಡಿ. ಗೈಡು, ಹಳೇ ಪಠ್ಯಪುಸ್ತಕ ಬೇಡ. ನಿಮ್ಮ ಮಕ್ಕಳು ಓದಿ ಓದಿ ಹರಿದದ್ದಾದರೂ ನಡೆಯುತ್ತೆ, ಹೊಲಿಯುವವರಿದ್ದಾರೆ. ಶನಿವಾರ ನಾಲ್ಕರಿಂದ ಆರೂವರೆ, ಮೊದಲಿನ ಹಾಗೇ. ಚಪ್ಪಲಿ ಕೆಳಗೆ ಗೇಟಿನ ಪಕ್ಕ ಸಾಲಾಗಿ ಬಿಡಬೇಕು, ಮೆಟ್ಟಿಲ ಮೇಲೆ ಬಿಡುವ ಹಾಗಿಲ್ಲ. ಕಳೆದ ವಾರ 96 ಇದ್ದವಂತೆ.